ಮಾವನ ಮೂಗು ಮತ್ತು ಮಡ್ಯೂರೊ

ಲಕ್ಷ್ಮಣ ಶೂರ್ಪನಖಿಯ ಮೂಗು ಕೊಯ್ದದ್ದು ನಾಸಿಕದಲ್ಲಿ ಎಂದು ಊರಿಗೆ ಬಂದವರಿಗೆಲ್ಲ ರಿಕ್ಷಾದವರೇ ಹೇಳುತ್ತಾರೆ. ಕೊಯ್ದ ಮೂಗು ಆಮೇಲೆ ಏನಾಯಿತು ಎಂದು ಮಾತ್ರ ಯಾರೂ ಹೇಳುವುದಿಲ್ಲ. ನನಗೆ ಗೊತ್ತು! ಅದು ಗೋದಾವರಿಯ ದಂಡೆಯಲ್ಲಿ ಬಿದ್ದುಕೊಂಡಿತ್ತು. ಕುಂದಾಪುರದ ಕಡೆಯಿಂದ ಹೋಟೆಲು ಇಡಲು ಬಂದ ನನ್ನ ಸೋದರಮಾವ ಅದನ್ನು ಎತ್ತಿ ತಮ್ಮ ಮುಖಕ್ಕೆ ಅಂಟಿಸಿಕೊಂಡರು. ಇಲ್ಲದಿದ್ದರೆ ಒಬ್ಬ ಸಾಧಾರಣ ಮನುಷ್ಯನಿಗೆ ಅಷ್ಟು ದೊಡ್ಡ ಮೂಗು, ಆ ಮೂಗಿಗೆ ಅಷ್ಟು ದೊಡ್ಡ ಜಂಬ ಎಲ್ಲಿಂದ ಬರಬೇಕು?

ಜಂಬಕ್ಕೆ ಕಾರಣವಿತ್ತು, ಒಪ್ಪುತ್ತೇನೆ. ಬೇರೆ ಹೋಟೆಲಿನವರು ಸಾಂಬಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡುತ್ತಾರೆ. ನಮ್ಮ ಮಾವ ಅಡುಗೆಮನೆಯ ಒಳಗೇ ಹೋಗುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು, ಕಣ್ಣು ಮುಚ್ಚಿ, ಒಂದು ಸಲ ಉಸಿರೆಳೆದು ತೀರ್ಪು ಕೊಡುತ್ತಿದ್ದರು. "ಸಾಂಬಾರಿಗೆ ಇಂಗು ಜಾಸ್ತಿ ಆಯ್ತು. ಆ ಮೂಲೆ ಒಲೆಯ ಹಾಲು ಈಗ ಉಕ್ತದೆ ನೋಡು." ಹಾಲು ಉಕ್ಕುತ್ತಿತ್ತು! ಹಾಲಿಗೂ ಅವರನ್ನು ಕಂಡರೆ ಭಯವಿತ್ತೋ ಏನೋ. ಮನೆಯಲ್ಲಿಯೂ ಅಷ್ಟೇ. ಅತ್ತೆ ಮೆಟ್ಟಿಲು ಹತ್ತುತ್ತಿರುವಾಗಲೇ, ಮುಖ ಕಾಣುವ ಮೊದಲೇ, ಪೇಪರಿನಿಂದ ತಲೆ ಎತ್ತದೆ ಕೇಳುತ್ತಿದ್ದರು: "ಬಂದೆಯಾ? ಇವತ್ತು ಗೋಳಿಬಜೆ ಕರಿದದ್ದಾ?"

ಇಂಥ ಪುಣ್ಯಾತ್ಮರು ಮೂರು ವರ್ಷದ ಹಿಂದೆ ಸಿಗಾರ್ ಸೇದಲು ಶುರುಮಾಡಿದರು. ಅಡಿಕೆಯ ಹೋಳನ್ನೂ ಬಾಯಿಗೆ ಹಾಕದವರು, "ಇಲ್ಲಿ ಬೀಡಿ ಸಿಗರೇಟು ಸೇದಬಾರದು" ಎಂದು ಹೋಟೆಲಿನ ಗೋಡೆಯ ಮೇಲೆ ಮರಾಠಿ, ಹಿಂದಿ, ಕನ್ನಡ ಮೂರರಲ್ಲಿಯೂ ಬರೆಸಿದವರು! ಅರವತ್ತು ದಾಟಿದ ಮೇಲೆ ಗಂಡಸರು ಸಾಧಾರಣವಾಗಿ ಭಗವದ್ಗೀತೆ ಹಿಡಿಯುತ್ತಾರೆ. ಇವರು ಮಡ್ಯೂರೊ ಹಿಡಿದರು.

"ಮಡ್ಯೂರೊ ಅಂದ್ರೆ ಎಂತ ಗೊತ್ತುಂಟಾ ನಿನಗೆ?" ಎಂದು ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದ್ದಾರೆ. ಗೊತ್ತಿಲ್ಲ ಎಂದರೆ ಅರ್ಧ ಗಂಟೆ, ಗೊತ್ತು ಎಂದರೆ ಒಂದು ಗಂಟೆ. "ಹಣ್ಣಾದದ್ದು ಅಂತ ಅರ್ಥ. ಹೊರಗೆ ಸುತ್ತಿದ ಎಲೆ ಉಂಟಲ್ಲ, ಅದನ್ನು ರಾಶಿ ಹಾಕಿ, ಬಿಸಿ ಏರಿಸಿ, ತಿಂಗಳುಗಟ್ಟಲೆ ಹುದುಗು ಬರಿಸ್ತಾರೆ. ಆಗ ಹೀಗೆ ಕಪ್ಪಾಗ್ತದೆ, ಸಿಹಿ ಬರ್ತದೆ. ಎಂತ ಕಂಡಿತು ಇದರಲ್ಲಿ ನಿನಗೆ? ನಮ್ಮ ದೋಸೆಹಿಟ್ಟೇ ಮಾರಾಯ್ತಿ! ಅವಸರ ಮಾಡಿದವ ಕೆಟ್ಟ."

ಅಗ್ಗದ್ದೇ ಆಗಬೇಕು, ಆದರೆ ಒಳ್ಳೆಯದಾಗಬೇಕು. ಅದು ಅವರ ಸಿದ್ಧಾಂತ. ಚಿನ್ನದ ಪಟ್ಟಿ ಕಟ್ಟಿ ಪೆಟ್ಟಿಗೆಯಲ್ಲಿ ಮಲಗಿಸಿದ ಸಿಗಾರನ್ನು ಕಂಡರೆ ಅವರಿಗೆ ಆಗುವುದಿಲ್ಲ. "ಪೆಟ್ಟಿಗೆ ಸೇದ್ಲಿಕ್ಕೆ ಆಗ್ತದಾ?" ಎನ್ನುತ್ತಾರೆ. ಮುಂಬಯಿಯ ಯಾವುದೋ ಅಂಗಡಿಯಿಂದ ಹೆಸರಿಲ್ಲದ, ಬರೀ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಟ್ಟುಗಳನ್ನು ತರಿಸುತ್ತಾರೆ. ಸಿಗಾರಿನ ತುದಿ ಕತ್ತರಿಸಲು ದೊಡ್ಡವರು ಯಾವ ಯಂತ್ರ ಬಳಸುತ್ತಾರೋ ನನಗೆ ತಿಳಿಯದು, ಮಾವ ಬಳಸುವುದು ಅಜ್ಜಿಯ ಅಡಕತ್ತರಿ. ಸಿಗಾರು ಒಣಗದಂತೆ ಇಡಲು ಮರದ ವಿಶೇಷ ಪೆಟ್ಟಿಗೆ ಬೇಕಂತೆ. ಮಾವನದು ಸ್ಟೀಲಿನ ಟಿಫಿನ್ ಕ್ಯಾರಿಯರ್. ಕೆಳಗಿನ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಮೇಲಿನದರಲ್ಲಿ ಸಿಗಾರ್. ಊರಿಡೀ ವೈನಿನ ತೋಟ, ಗ್ಲಾಸು ಅಲ್ಲಾಡಿಸಿ ಮೂಸಿ ಮೂಸಿ ಕುಡಿಯುವ ಜನ ಶನಿವಾರ ಭಾನುವಾರ ಬಂದು ಬೀಳುತ್ತಾರೆ. ಅವರನ್ನು ಕಂಡರೆ ಮಾವನಿಗೆ ಕನಿಕರ. "ಪಾಪ, ದ್ರಾಕ್ಷಿಯಲ್ಲಿ ದ್ರಾಕ್ಷಿ ವಾಸನೆ ಹುಡುಕ್ತಾರೆ!"

ಸೇದುವುದೂ ಒಂದು ಪೂಜೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿಯ ಗಲಾಟೆ ಶುರುವಾಗುವ ನಡುವೆ, ಮನೆಯ ತಾರಸಿಯಲ್ಲಿ, ಪಂಚೆ ಉಟ್ಟುಕೊಂಡು. ಮೊದಲು ಹಚ್ಚದೆಯೇ ಒಂದು ಸಲ ಎಳೆಯಬೇಕು. ಆಮೇಲೆ ಬೆಂಕಿಯನ್ನು ತಾಗಿಸದೆ, ಕೆಂಡದ ಮೇಲೆ ಹಪ್ಪಳ ತಿರುಗಿಸಿದ ಹಾಗೆ ತಿರುಗಿಸಿ ತಿರುಗಿಸಿ ಹಚ್ಚಬೇಕು. ಹೊಗೆ ನುಂಗಬಾರದು, ಬಾಯಲ್ಲಿ ಇಟ್ಟುಕೊಂಡು ಮೂಗಿನ ಹಿಂದಿನಿಂದ ಬಿಡಬೇಕು. ಬೂದಿ ಕೊಡವಬಾರದು, ಅದೇ ಬೀಳಬೇಕು. ಅದು ಬೀಳುತ್ತಿತ್ತು, ಪಂಚೆಯ ಮೇಲೆ! ಪಂಚೆಗಳೆಲ್ಲ ತೂತು ಬಿದ್ದು ಜಾಳಿಗೆಯಾದವು.

ಇಷ್ಟರ ನಡುವೆ ಅತ್ತೆ ಎಲ್ಲಿರುತ್ತಿದ್ದರು ಎಂದು ಕೇಳಿ. ಪಕ್ಕದಲ್ಲೇ! ಮೂಗಿಗೆ ಸೆರಗು ಮುಚ್ಚಿಕೊಂಡು, ಬೈಯುತ್ತ. ಅಷ್ಟು ಹೇಸಿಗೆಯಾದರೆ ಕೆಳಗೆ ಹೋಗಬಾರದೆ? ಇಲ್ಲ. ಸಿಗಾರ್ ಮುಗಿಯುವ ತನಕ ಕೂತು ಬೈಯಬೇಕು. ಇನ್ನೊಂದು ಹೊಸ ಹುಚ್ಚು ಅವರಿಗೂ ಹತ್ತಿತ್ತು. ಜನ್ಮದಲ್ಲಿ ಒಂದೊಂದು ಚಿನ್ನದ ಬಳೆಯ ಹೊರತು ಏನೂ ಹಾಕದವರು ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ಏರಿಸಿಕೊಂಡು ಮನೆ ತುಂಬ ಘಲ್ ಘಲ್ ಎನ್ನುತ್ತ ಓಡಾಡುತ್ತಿದ್ದರು. ನಾಸಿಕದಲ್ಲೇ ಹುಟ್ಟಿ ಬೆಳೆದ ಅವರ ಮಗಳು ಕೇಳಿಯೇ ಬಿಟ್ಟಳು: "ಅಮ್ಮಾ, ಹೇ ಕಾಯ್? ನಿನಗೆ ಪರತ್ ಲಗ್ನವಾ?" ಮತ್ತೆ ಮದುವೆಯಾ ಎಂದು, ಆ ಕಡೆ ಹಸಿರು ಬಳೆ ಮದುಮಗಳ ಗುರುತಲ್ಲವೇ! ಗಂಡನಿಗೆ ಸಿಗಾರ್, ಹೆಂಡತಿಗೆ ಬಳೆ. ಪ್ರಾಯ ಹೋಗುವ ಕಾಲಕ್ಕೆ ಇಬ್ಬರಿಗೂ ಪ್ರಾಯ ಬಂತು ಎಂದು ನಾವೆಲ್ಲ ನಕ್ಕೆವು.

ಅದೇ ವರ್ಷ ಹೋಟೆಲಿನಲ್ಲಿ ಪಲಾವಿನ ಪ್ರಸಂಗ ನಡೆಯಿತು. ಮಾವ ಒಂದು ದಿನ ಟಿಫಿನ್ ಕ್ಯಾರಿಯರನ್ನು ಹೋಟೆಲಿನ ಅಡುಗೆಮನೆಯ ಹೊಸ್ತಿಲ ಬಳಿ, ಮಸಾಲೆ ಡಬ್ಬಿಗಳ ಪಕ್ಕ ಮರೆತು ಬಂದರು. ಮರುದಿನ ಹೊಸದಾಗಿ ಸೇರಿದ ಅಡುಗೆಯವನು ಅದನ್ನು ತೆರೆದು ನೋಡಿದ. ಕಂದು ಬಣ್ಣ, ಸುರುಳಿ ಸುತ್ತಿದ ತೊಗಟೆ. ದಾಲ್ಚಿನ್ನಿ! ಎಂಥ ದಪ್ಪ ದಾಲ್ಚಿನ್ನಿ! ಧಣಿಗಳು ಪಲಾವಿಗೆಂದೇ ಸ್ಪೆಷಲ್ ತರಿಸಿರಬೇಕು ಎಂದು ಒಂದನ್ನು ಮುರಿದು ಕಾದ ತುಪ್ಪಕ್ಕೆ ಹಾಕಿದ. ಅಡುಗೆಮನೆಯಲ್ಲಿದ್ದವರೆಲ್ಲ ಕೆಮ್ಮಿದರು. ಅಷ್ಟರಲ್ಲಿ ಮಾವ ಹೊಸ್ತಿಲಿಗೆ ಬಂದರು.

"ಧಣಿ, ದಾಲ್ಚಿನ್ನಿ ಎಂಥದೋ ವಾಸನೆ ಬರ್ತಾ ಉಂಟು. ಒಂಚೂರು ನೋಡಿ."

ಮಾವ ಕಣ್ಣು ಮುಚ್ಚಿದರು. ಉಸಿರೆಳೆದರು. "ಬರೋಬ್ಬರಿ ಉಂಟು. ಅಕ್ಕಿ ಹಾಕು."

ಅವನು ಹಾಕಿದ! ಸುತ್ತ ನಿಂತವರೆಲ್ಲ ಕಣ್ಣೊರೆಸಿಕೊಂಡು, ಕೆಮ್ಮುತ್ತಲೇ, ಘಮ ಘಮ ಎಂದು ತಲೆಯಾಡಿಸಿದರು. ಧಣಿಗಳ ಮೂಗಿನ ಮುಂದೆ ಉಳಿದವರ ಮೂಗು ಯಾವ ಲೆಕ್ಕ? ಅಷ್ಟರಲ್ಲಿ ಅತ್ತೆ ಬಂದರು. ಆ ವರ್ಷದಿಂದ ಅವರು ದಿನಾ ಹೋಟೆಲಿಗೆ ಬಂದು ಗಲ್ಲಾದ ಹತ್ತಿರ ಕೂರುತ್ತಿದ್ದರು, ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬಂದವರು ಏನೂ ಹೇಳಲಿಲ್ಲ, ಕಾಲು ಜಾರಿದಂತೆ ಮಾಡಿ ಆ ಹಂಡೆಯನ್ನು ಉರುಳಿಸಿಬಿಟ್ಟರು. ತುಪ್ಪ ಬಡಿಸುವಾಗಲೂ ಒಂದು ಹನಿ ಚೆಲ್ಲದವರು! "ಅಯ್ಯೋ, ನನ್ನ ಕಣ್ಣಿಗೆ ಬೆಂಕಿ ಬಿತ್ತು. ಬೇರೆ ಮಾಡಿ, ಬೇರೆ ಮಾಡಿ" ಎಂದರು. ಅಂದು ಹಂಡೆಯ ಜೊತೆ ಅತ್ತೆಯ ಮರ್ಯಾದೆಯೂ ಉರುಳಿತು. ಮಾವನ ಮೂಗಿಗೆ ಮಾತ್ರ ಏನೂ ಆಗಲಿಲ್ಲ. ಈ ಕಥೆಯನ್ನು ನಮ್ಮ ಕುಟುಂಬದ ಮದುವೆ ಮುಂಜಿಗಳಲ್ಲಿ ಹೇಳಿ ಹೇಳಿ ನಾನೇ ಎಷ್ಟು ಜನರನ್ನು ನಗಿಸಿದ್ದೇನೋ.

ಈ ವರ್ಷ ನನಗೆ ಬ್ಯಾಂಕಿನಲ್ಲಿ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಯಿತು. ಮನೆ ನೋಡುವ ನೆಪದಲ್ಲಿ ಮಾವ, ಅತ್ತೆ, ಟಿಫಿನ್ ಕ್ಯಾರಿಯರ್ ಮೂರೂ ಬಂದಿಳಿದವು. ನಮ್ಮ ಮ್ಯಾನೇಜರ್ ಧಾರವಾಡದ ಕಡೆಯವರು, ಸಿಗಾರಿನಲ್ಲಿ ತಮಗೂ ರುಚಿ ಉಂಟೆಂದು ತಿಳಿದವರು. ಪೆಟ್ಟಿಗೆಯ ಜಾತಿ. ಇಬ್ಬರನ್ನೂ ನನ್ನ ಮನೆಯ ತಾರಸಿಯಲ್ಲಿ ಕೂರಿಸಿದೆ. ಮಾವ ತಮ್ಮ ಹೆಸರಿಲ್ಲದ ಮಡ್ಯೂರೊವನ್ನು ಅವರಿಗೂ ಒಂದು ಕೊಟ್ಟರು. ಅತ್ತೆ ಅಭ್ಯಾಸದಂತೆ ಸೆರಗು ಮುಚ್ಚಿಕೊಂಡು ಪಕ್ಕದಲ್ಲಿ ಕೂತರು.

"ಕಾಕಾರ, ನನಗ ಇದರಾಗ ಡಾರ್ಕ್ ಚಾಕಲೇಟ್ ಬರಾಕತ್ತೈತ್ರಿ," ಎಂದರು ಮ್ಯಾನೇಜರ್. "ಹಿಂದಿಂದ ಸ್ವಲ್ಪ ಚರ್ಮದ ವಾಸನಿನೂ ಐತಿ. ನಿಮಗೇನ್ ಅನಸ್ತದ್ರಿ?"

ಮಾವ ಹೊಗೆ ಬಿಟ್ಟು ಕಣ್ಣು ಮುಚ್ಚಿದರು.

"ಥೂ ನಿಮ್ಮ!" ಎಂದರು ಅತ್ತೆ. "ತಳ ಹಿಡಿದ ಹಾಲುಬಾಯಿ ನಾತ! ತಲೆ ತಿರುಗ್ತದೆ."

ಮಾವ ಮೆಲ್ಲನೆ ಕಣ್ಣು ತೆರೆದರು. "ಚಾಕಲೇಟ್ ಅಲ್ಲ ಸಾರ್. ನಮ್ಮ ಕಡೆ ಹಾಲುಬಾಯಿ ಅಂತ ಮಾಡ್ತಾರೆ, ಅಕ್ಕಿ, ಬೆಲ್ಲ, ತೆಂಗಿನ ಹಾಲು. ಅದು ಒಂಚೂರು ತಳ ಹಿಡಿದಾಗ ಹೇಗೋ ಹಾಗೆ."

"ಹೌದಲ್ರೀ!" ಮ್ಯಾನೇಜರ್ ಬೆರಗಾದರು. ಹಾಲುಬಾಯಿ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಬೆರಗಾಗಲು ಅದೇನು ಗೊತ್ತಿರಬೇಕೆ?

ಸಿಗಾರ್ ಅರ್ಧ ಉರಿಯಿತು. ಅತ್ತೆ ಮತ್ತೆ ಬಳೆ ಸದ್ದು ಮಾಡಿ ಗೊಣಗಿದರು: "ಬಾಣಂತಿ ಕೋಣೆಗೆ ಹೋದ ಹಾಗೆ ಆಯ್ತು. ಓಮ ಸುಟ್ಟ ಹೊಗೆಯೇ ಇದು."

ಮಾವ ಬೂದಿಯನ್ನೇ ನೋಡುತ್ತ ಗಂಭೀರವಾಗಿ ಹೇಳಿದರು: "ಅರ್ಧ ದಾಟಿದ ಮೇಲೆ ಓಮ ಬರ್ತದೆ ಸಾರ್. ಬಾಣಂತಿ ಕೋಣೆಯ ಓಮ."

ಮ್ಯಾನೇಜರ್ ಕೈ ಮುಗಿಯುವುದೊಂದು ಬಾಕಿ. "ನಿಮ್ಮ ಮೂಗಿಗೆ ಇನ್ಶೂರೆನ್ಸ್ ಮಾಡಸ್ರೀ ಕಾಕಾರ!" ಎಂದು ಹೇಳಿ ಹೋದರು. ನಾನು ನಗುತ್ತಿದ್ದೆ, ನಿಜ. ಆದರೆ ಒಂದು ಪ್ರಶ್ನೆ ತಲೆಯೊಳಗೆ ಹುಳದಂತೆ ಹೊಕ್ಕಿತು. ಹೆಂಡತಿ ಹೆತ್ತಾಗ ಹೋಟೆಲು ಬಿಟ್ಟು ಕದಲದ ಈ ಮಹಾನುಭಾವರು ಬಾಣಂತಿ ಕೋಣೆಯ ವಾಸನೆ ನೋಡಿದ್ದು ಯಾವಾಗ?

ಮರುದಿನ ಬೆಳಿಗ್ಗೆ ಉತ್ತರ ಸಿಕ್ಕಿತು. ಹಾಲನ್ನು ಸಣ್ಣ ಉರಿಯಲ್ಲಿಟ್ಟು, ನೋಡಿಕೊಳ್ಳಲು ಮಾವನಿಗೆ ಹೇಳಿ, ನಾನೂ ಅತ್ತೆಯೂ ತರಕಾರಿಗೆ ಹೋದೆವು. ಬರುವಾಗ ಮೆಟ್ಟಿಲ ಮೇಲೆಯೇ ಕಮಟು ವಾಸನೆ. ಪಕ್ಕದ ಮನೆಯಾಕೆ ನಮ್ಮ ಬಾಗಿಲು ಬಡಿಯುತ್ತಿದ್ದಳು: "ಕಾಕಾ, ದೂಧ್ ಜಳಾಲಂ! ಕಾಕಾ!" ಒಳಗೆ ಹೋದರೆ ಅಡುಗೆಮನೆಯಲ್ಲಿ ಪಾತ್ರೆ ಸೀದು ಇದ್ದಿಲಾಗಿದೆ. ಮಾವ ಅಲ್ಲಿಂದ ನಾಲ್ಕು ಮಾರು ದೂರದಲ್ಲಿ, ಅಡುಗೆಮನೆಗೆ ಬೆನ್ನು ಹಾಕಿ, ಕನ್ನಡಕ ಏರಿಸಿಕೊಂಡು ನೆಮ್ಮದಿಯಾಗಿ ಪೇಪರು ಓದುತ್ತಿದ್ದಾರೆ. ಯಾರ ಮನೆಯ ಬಾಗಿಲು ಬಡಿಯುತ್ತಿದ್ದಾರೆ ಎಂದು ಅವರೇ ನಮ್ಮನ್ನು ಕೇಳಿದರು!

ನಾನು ತಮಾಷೆ ಮಾಡಲು ಬಾಯಿ ತೆರೆದೆ. ಮಾವನ ಮುಖ ನೋಡಿ ಮುಚ್ಚಿದೆ. ಅವರು ಹೊಗೆಯನ್ನು ನೋಡಿದರು, ಪಾತ್ರೆಯನ್ನು ನೋಡಿದರು, ಪೇಪರನ್ನು ಮಡಚಿಟ್ಟು, ಕ್ಯಾರಿಯರನ್ನೂ ಮರೆತು, ತಾರಸಿಗೆ ಹೋಗಿ ಕೂತರು.

ಅತ್ತೆ ಪಾತ್ರೆ ಉಜ್ಜುತ್ತ ಹೇಳಿದರು. "ಆ ಜ್ವರ ಬಂತಲ್ಲ ಇವರಿಗೆ, ಮೂರು ವರ್ಷದ ಹಿಂದೆ. ಜ್ವರ ಹೋಯ್ತು, ಹೋಗುವಾಗ ಮೂಗನ್ನೂ ಕೊಂಡುಹೋಯ್ತು. ಒಂದು ವಾಸನೆ ಇಲ್ಲ ಮಗಾ. ಇಂಗಿಲ್ಲ, ಕರ್ಪೂರ ಇಲ್ಲ, ಬೆಳ್ಳುಳ್ಳಿ ಸುಟ್ಟರೂ ಇಲ್ಲ."

"ಮತ್ತೆ ಈ ಸಿಗಾರ್?"

"ಹೊರದೇಶದಿಂದ ಬಂದ ಗಿರಾಕಿ ಒಬ್ಬ ಒಂದು ಕೊಟ್ಟ. ಸುಮ್ಮನೆ ಎಳೆದರು. ಒಂದು ಕ್ಷಣ ಸುಟ್ಟ ಬೆಲ್ಲದ ವಾಸನೆ ಬಂತಂತೆ. ಎಷ್ಟೋ ತಿಂಗಳ ಮೇಲೆ! ಮಕ್ಕಳ ಹಾಗೆ ಅತ್ತರು. ಮತ್ತೆ ಬರ್ಲಿಲ್ಲ. ಇವತ್ತು ಬರ್ತದೆ, ನಾಳೆ ಬರ್ತದೆ ಅಂತ ಎಳೀತಾನೇ ಇದ್ದಾರೆ. ಕರ್ಪೂರ ಹಿಡಿದು ಮೂಸ್ತಾ ಕೂತರೆ ಜನ ಎಂತ ಅಂತ ಕೇಳ್ತಾರೆ. ಸಿಗಾರ್ ಆದ್ರೆ ಕೇಳುದಿಲ್ಲ, ಶೋಕಿ ಅಂತ ನಗ್ತಾರೆ. ನಗ್ಲಿ."

ಪಾತ್ರೆಯ ತಳ ಬಿಡುತ್ತಲೇ ಇರಲಿಲ್ಲ. ಅತ್ತೆ ಇನ್ನಷ್ಟು ಒತ್ತಿ ಉಜ್ಜಿದರು. "ಯಾರಿಗೂ ಹೇಳ್ಬೇಡ. ಅಡುಗೆಯವರಿಗೆ ಗೊತ್ತಾದ್ರೆ ಇವರು ಮತ್ತೆ ಆ ಹೊಸ್ತಿಲಲ್ಲಿ ನಿಲ್ಲುದಿಲ್ಲ. ಅಲ್ಲಿ ನಿಲ್ಲಲಿಕ್ಕೆ ಇಲ್ಲದಿದ್ರೆ ಇವರಿಗೆ ಬೆಳಿಗ್ಗೆ ಏಳ್ಲಿಕ್ಕೆ ಕಾರಣ ಎಂತ ಉಂಟು ಹೇಳು?"

(ನಾಸಿಕದಲ್ಲಿ ನಮ್ಮವರ ಹೋಟೆಲು ಬೇಕಾದಷ್ಟಿವೆ. ಮಾವನದು ಯಾವುದೆಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ!)

ನನ್ನ ತಲೆಯಲ್ಲಿ ಒಂದೊಂದೇ ಜೋಡಣೆಯಾಯಿತು. ಪಲಾವಿನ ಹಂಡೆ, ಗಲ್ಲಾದ ಹತ್ತಿರದ ಕುರ್ಚಿ, ತಾರಸಿಯ ಬೈಗಳು. ಮೂರು ವರ್ಷದಿಂದ ಆ ಹೋಟೆಲಿನ ಸಾಂಬಾರನ್ನು ಮೂಸುತ್ತಿದ್ದದ್ದು ಯಾರ ಮೂಗು, ಸಿಗಾರಿನಲ್ಲಿ ಹಾಲುಬಾಯಿಯನ್ನು ಕಂಡುಹಿಡಿದದ್ದು ಯಾರ ಮೂಗು! ಅಷ್ಟು ಮಾಡಿ ಆ ಹೆಂಗಸು ಒಂದು ದಿನವೂ ತನ್ನ ಮೂಗಿನ ಮಾತೆತ್ತಲಿಲ್ಲ. ನನಗೆ ಅಳು ಬಂತು. ಹೊಗೆಯ ಮೇಲೆ ಹಾಕಿ ಕಣ್ಣೊರೆಸಿಕೊಂಡೆ.

ಅತ್ತೆ ಬೇರೆ ಹಾಲು ಕಾಯಿಸಿ ಕಾಫಿ ಮಾಡಿದರು. ತಟ್ಟೆ ಹಿಡಿದು ತಾರಸಿಯ ಮೆಟ್ಟಿಲು ಹತ್ತಿದರು, ಹಿಂದೆ ನಾನು. ಅರ್ಧ ಮೆಟ್ಟಿಲಿಗೆ ಬಂದಾಗ ನಿಂತು, ಬೇಕೆಂದೇ ಎರಡೂ ಕೈ ಕುಲುಕಿಸಿದರು. ಕಾಫಿ ತುಳುಕಿ ತಟ್ಟೆಗೆ ಬಿತ್ತು.

"ಅತ್ತೆ, ಚೆಲ್ತಾ ಉಂಟು!"

"ಚೆಲ್ಲಲಿ," ಎಂದರು ಮೆಲುದನಿಯಲ್ಲಿ. "ಸದ್ದು ಮಾಡದೆ ಹೋದ್ರೆ ನಾನು ಬಂದದ್ದು ಇವರಿಗೆ ಗೊತ್ತಾಗುದಿಲ್ಲ. ಮೊದಲು ವಾಸನೆಯಲ್ಲೇ ಗೊತ್ತಾಗ್ತಿತ್ತು. ಈಗ ಮಗ್ಗುಲಲ್ಲಿ ನಿಂತರೂ ಮನೆಯಲ್ಲಿ ಯಾರೂ ಇಲ್ಲ ಅಂತ ಅನಿಸ್ತದಂತೆ. ಒಂದು ದಿನ ಹಾಗೆ ಹೇಳಿ ಬೇಜಾರು ಮಾಡಿಕೊಂಡರು. ಮರುದಿನವೇ ಹೋಗಿ ಬಳೆ ತೊಟ್ಟು ಬಂದೆ."

ಮೇಲೆ ಮಾವ ನಮಗೆ ಬೆನ್ನು ಹಾಕಿ ಕೂತಿದ್ದರು. ಅತ್ತೆ ಇನ್ನೊಮ್ಮೆ ಕೈ ಕುಲುಕಿಸಿದರು. ಬಗ್ಗಿದ್ದ ಆ ಬೆನ್ನು ಒಂದಿಷ್ಟು ನೇರವಾಯಿತು. ತಲೆ ತಿರುಗಿಸದೆಯೇ ಅವರು ಕೇಳಿದರು:

"ಬಂದೆಯಾ? ಇವತ್ತು ಗೋಳಿಬಜೆ ಕರಿದದ್ದಾ?"

ಆ ದಿನ ನನ್ನ ಮನೆಯಲ್ಲಿ ಒಲೆಯ ಮೇಲೆ ಎಣ್ಣೆಯೇ ಇಟ್ಟಿರಲಿಲ್ಲ.

"ಹೌದು," ಎಂದರು ಅತ್ತೆ. "ಬಿಸಿ ಬಿಸಿ ಕರಿದೆ."