ಭಾವನ ಪೆಟ್ಟಿಗೆಯಲ್ಲಿ ಕಾಣೆಯಾದ ತಾಳ

ನಮ್ಮ ಭಾವನ ಮನೆಯಲ್ಲಿ ಕುಳಿತು ಯಕ್ಷಗಾನದ ಒಂದು ಪದ್ಯ ಕೇಳುವುದಕ್ಕಿಂತ ಭಾಗವತಿಕೆಯನ್ನೇ ಕಲಿತುಬಿಡುವುದು ಸುಲಭ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ. ಭಾವ ಅಂದರೆ ನನ್ನ ಅಕ್ಕನ ಗಂಡ. ಮನೆ ಬೈಂದೂರಿನಲ್ಲಿ, ರೈಲು ಹಳಿಯಿಂದ ಕೂಗಳತೆಯ ದೂರ. ನಾನಿರುವುದು ಬ್ರಹ್ಮಾವರದಲ್ಲಿ. ತಿಂಗಳಿಗೊಮ್ಮೆ ಅಕ್ಕನನ್ನು ನೋಡಿ ಬರೋಣವೆಂದು ಬಸ್ಸು ಹತ್ತುತ್ತೇನೆ. ಚಪ್ಪಲಿ ಬಿಡುವಷ್ಟರಲ್ಲಿ ಚಾವಡಿಯಿಂದ ಭಾವನ ಆಜ್ಞೆ ಬರುತ್ತದೆ:

"ಮಾಣಿ, ಬಾ, ಕೂಕೋ. ಒಂದ್ ಪದ್ಯ ಕೇಂಬ."

ನನಗೆ ಐವತ್ತನಾಲ್ಕು ತುಂಬಿದೆ. ಭಾವನ ಕಣ್ಣಿಗೆ ಮಾತ್ರ ನಾನು ಅವರ ಮದುವೆಯ ದಿನ ಧಾರೆಮಂಟಪದ ಮೂಲೆಯಲ್ಲಿ ಬಾಳೆಹಣ್ಣು ತಿನ್ನುತ್ತ ನಿಂತಿದ್ದ ಮಾಣಿಯೇ.

ಕೂಕೋ ಅಂದ ಮಾತ್ರಕ್ಕೆ ಪದ್ಯ ಶುರುವಾಗುತ್ತದೆಯೇ? ಮೊದಲು ಫ್ಯಾನು ನಿಲ್ಲಬೇಕು, ಏಪ್ರಿಲ್ ತಿಂಗಳಾದರೂ ಸರಿ. ಆಮೇಲೆ ಫ್ರಿಜ್ಜು ಬಂದ್, ಬಾವಿಯ ಪಂಪು ಬಂದ್. ಮನೆಯಲ್ಲಿರುವವರ ಮೊಬೈಲುಗಳೆಲ್ಲ ಅಕ್ಕಿ ಡಬ್ಬಿಯೊಳಗೆ ಹೋಗಬೇಕು, ಅವುಗಳ ತರಂಗ ನಾದಕ್ಕೆ ಆಗುವುದಿಲ್ಲವಂತೆ. ಭಾವನ ಮೊಬೈಲು ಮಾತ್ರ ಭಾವನ ಕೈಯಲ್ಲೇ ಇರುತ್ತದೆ, ಏಕೆಂದರೆ ಹಾಡು ಹಾಕುವುದು ಅದರಿಂದಲೇ. ಇಷ್ಟಾದ ಮೇಲೆ ರೈಲು ಕಾಯಬೇಕು. ನಾಲ್ಕೂವರೆಯ ರೈಲು ದಾಟಿ ಹೋಗುವ ತನಕ ನೆಲ ಅದುರುತ್ತದೆ ಎಂದು ಭಾವ ಕೈ ಮೇಲೆತ್ತಿ ಕೂತಿರುತ್ತಾರೆ. ರೈಲು ತಡವಾದರೆ ಸ್ಟೇಷನ್ ಮಾಸ್ತರರಿಗಿಂತ ಭಾವನಿಗೆ ಬೇಸರ ಜಾಸ್ತಿ. ಎಷ್ಟೋ ಸಲ ಐದೂಕಾಲಿಗೆ ರೈಲು ಹೋಗಿ, ಐದೂವರೆಗೆ ನನ್ನ ಬಸ್ಸು ಬಂದು, ನಾನು ಒಂದು ಗಂಟೆಯ ಬೆವರನ್ನಷ್ಟೇ ಕೇಳಿ ವಾಪಸಾಗಿದ್ದೇನೆ. ಒಮ್ಮೆಯಂತೂ ಪದ್ಯ ಮುಗಿದ ಖುಷಿಯಲ್ಲಿ ಫ್ರಿಜ್ಜಿನ ಸ್ವಿಚ್ಚು ಹಾಕಲು ಮರೆತುಹೋಯಿತು. ಮರುದಿನ ನಾದಬ್ರಹ್ಮನ ಹೆಸರು ಹೇಳಿ ಮನೆಮಂದಿಯೆಲ್ಲ ಸೇರಿ ಎರಡು ಕಿಲೋ ಬಂಗುಡೆ ಮೀನನ್ನು ಒಂದೇ ಹೊತ್ತಿಗೆ ಮುಗಿಸಬೇಕಾಯಿತು.

ಈ ಪೂಜೆಯೆಲ್ಲ ಸಲ್ಲುವುದು ಚಾವಡಿಯಲ್ಲಿರುವ ಒಂದು ಕಪ್ಪು ಪೆಟ್ಟಿಗೆಗೆ. ಮ್ಯೂಸಿಕ್ ಸರ್ವರ್ ಎಂದು ಅದರ ಹೆಸರು. ಭಾವ ಜೀವಮಾನವಿಡೀ ಕೂಡಿಟ್ಟ ಕ್ಯಾಸೆಟ್ಟುಗಳು, ಸೀಡಿಗಳು, ತಾವೇ ರಂಗಸ್ಥಳದ ಪಕ್ಕ ಕೂತು ಹಿಡಿದ ಯಕ್ಷಗಾನ ಆಟದ ರೆಕಾರ್ಡುಗಳು, ಎಲ್ಲ ಅದರ ಹೊಟ್ಟೆಯೊಳಗಿವೆ. ಗುಂಡಿಯಿಲ್ಲ, ಪರದೆಯಿಲ್ಲ, ಒಂದು ನೀಲಿ ದೀಪ ಮಾತ್ರ.

"ಭಾವ, ಇದ್ ಕಂಪ್ಯೂಟರೇ ಅಲ್ದಾ?" ಎಂದು ನಾನೊಮ್ಮೆ ಬಾಯಿ ಜಾರಿ ಕೇಳಿಬಿಟ್ಟೆ.

"ಹಾಂಗ್ ಲೆಕ್ಕ ಹಾಕ್ರೆ ನೀನೂ ಮಂಗವೇ ಅಲ್ದಾ?" ಎಂದರು ಭಾವ. ಅಲ್ಲಿಂದ ಮೇಲೆ ನಾನು ಆ ಪೆಟ್ಟಿಗೆಯ ಜಾತಕ ಕೇಳಲು ಹೋಗಿಲ್ಲ.

ಇಷ್ಟು ನಾಜೂಕಿನ ಮನುಷ್ಯ ಮೂವತ್ತೈದು ವರ್ಷ ಮಾಡಿದ ಕಸುಬು ಯಾವುದೆಂದು ಬಲ್ಲಿರೇನು? ಮೈಕ್ ಸೆಟ್! ಮದುವೆ, ಉಪನಯನ, ಯಕ್ಷಗಾನ, ಕಂಬಳ, ಚುನಾವಣೆ, ಯಾವುದಕ್ಕಾದರೂ ಭಾವನ ಮೈಕೇ ಬೇಕು. ತೆಂಗಿನಮರದ ಅರ್ಧಕ್ಕೆ ಕಹಳೆಯಂಥ ಲೌಡ್‌ಸ್ಪೀಕರು ಕಟ್ಟಿ ಹಾಡು ಬಿಟ್ಟರೆ ಮರದಲ್ಲಿದ್ದ ಕಾಗೆಗಳು ಪಕ್ಕದ ಗ್ರಾಮಕ್ಕೆ ವಲಸೆ ಹೋಗುತ್ತಿದ್ದವು. ಆ ಕಾಲದ ಗಿರಾಕಿಗಳದ್ದು ಒಂದೇ ಬೇಡಿಕೆ: "ನಮ್ ಮನಿ ಮದಿ ಹೊಳಿ ಆಚೆಗೂ ಕೇಣ್ಕ್." ಬಸ್ರೂರಿನ ಒಂದು ಮದುವೆಯಲ್ಲಿ ಭಾವ ಹಾಕಿದ ಹಾಡು ಹೊಳೆಯಾಚೆಗೆ ಎಷ್ಟು ಚೆನ್ನಾಗಿ ಕೇಳಿತೆಂದರೆ, ಅಲ್ಲಿ ಇನ್ನೊಂದು ಮದುವೆ ಮನೆಯವರು ತಮ್ಮ ಮೈಕನ್ನು ನಿಲ್ಲಿಸಿ ಇದರಲ್ಲೇ ಸುಧಾರಿಸಿಕೊಂಡರಂತೆ. ಅವರಿಂದಲೂ ಅರ್ಧ ಬಾಡಿಗೆ ಬರಬೇಕಿತ್ತು ಎಂಬುದು ಭಾವನ ಇಂದಿನವರೆಗಿನ ವಾದ. ಇನ್ನು ಆಟದ ದಿನವಾದರೆ ಒಂದು ಬದಿಗೆ ಚೆಂಡೆ, ಇನ್ನೊಂದು ಬದಿಗೆ ಲೌಡ್‌ಸ್ಪೀಕರು, ನಡುವೆ ಸ್ಟೂಲು ಹಾಕಿಕೊಂಡು ಭಾವ. ಹಾಗೆ ಮೂರು ತಾಲೂಕಿನ ನಿದ್ದೆ ಕೆಡಿಸಿದವರು ಕಸುಬನ್ನು ಅಣ್ಣನ ಮಗನಿಗೆ ವಹಿಸಿಕೊಟ್ಟ ಮೇಲೆ ಶುದ್ಧ ನಾದ ಹುಡುಕಲು ಹೊರಟರು.

ನಾದ ಸಿಕ್ಕಿಯೂ ಇತ್ತು ಅನ್ನಿ. ಆದರೆ ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಫೋನು ಬಂತು.

"ಮಾಣಿ, ತಾಳ ಇಲ್ಲೆ."

"ಯಾವ ತಾಳ ಭಾವ?"

"ಭಾಗವತ್ರದ್ದ್. ಚೆಂಡಿ ಇತ್ತ್, ಮದ್ದಳಿ ಇತ್ತ್, ಸ್ವರ ಇತ್ತ್. ತಾಳ ಮಾತ್ರ ಇಲ್ಲೆ. ಪೆಟ್ಗಿ ತಿಂದ್ ಹಾಕಿತ್ತ್."

ಅವರೇ ಹಿಡಿದ ಹಳೆಯ ರೆಕಾರ್ಡೊಂದರಲ್ಲಿ ಪದ್ಯ ಮುಗಿಯುವಾಗ ಭಾಗವತರ ಕೈಯ ಕಂಚಿನ ತಾಳ 'ಟಿಣ್' ಎಂದು ಒಂದು ಗಳಿಗೆ ಗಾಳಿಯಲ್ಲಿ ನಿಲ್ಲುತ್ತಿತ್ತಂತೆ. ಭಾವನಿಗೆ ಆ ಟಿಣ್ ಅಂದರೆ ಪ್ರಾಣ. ಅದು ಹೋಗಿಬಿಟ್ಟಿದೆ. ಸುರುವಾಯಿತು ನೋಡಿ ರಿಪೇರಿ.

ಮೊದಲು ವಯರು ಬದಲಾಯಿತು. ಹೊಸ ವಯರು ಹೆಬ್ಬಾವಿನ ಮರಿಯಷ್ಟು ದಪ್ಪ, ತಾಳ ಬರಲಿಲ್ಲ. ಕರೆಂಟು ಶುದ್ಧ ಮಾಡಿ ಕೊಡುವುದಕ್ಕೆಂದು ಪೆಟ್ಟಿಗೆಯ ಪಕ್ಕ ಇನ್ನೊಂದು ಪೆಟ್ಟಿಗೆ ಬಂತು, ಆಗಲೂ ಬರಲಿಲ್ಲ. ಭೂಮಿಗೆ ಅರ್ತಿಂಗ್ ಸಾಲದೆಂದು ಅಂಗಳದಲ್ಲಿ ಆಳೆತ್ತರದ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿಸಿ, ದಿನಾ ಬೆಳಿಗ್ಗೆ ಎರಡು ಕೊಡ ನೀರು ಹೊಯ್ಯತೊಡಗಿದರು. ನೆರೆಮನೆಯವರು ಬೇಲಿಯ ಮೇಲಿಂದ ಬಗ್ಗಿ, "ಹ್ವಾಯ್, ಎಂತ ಗಿಡ ನೆಟ್ಟದ್?" ಎಂದು ವಿಚಾರಿಸಿಕೊಂಡು ಹೋದರು.

ಆಮೇಲೆ ಎಲ್ಲೋ ಓದಿದರು, ಪೆಟ್ಟಿಗೆ ಅದುರಬಾರದು, ಗಟ್ಟಿ ಕಲ್ಲಿನ ಮೇಲೆ ಕೂರಬೇಕು ಎಂದು. ಗಟ್ಟಿ ಕಲ್ಲಿಗೆ ದೂರ ಹೋಗಬೇಕೇ? ಬಾವಿಕಟ್ಟೆಯ ಹತ್ತಿರ ಅಕ್ಕ ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ನಾಲ್ಕು ಜನ ಹೊತ್ತು ತಂದು ಚಾವಡಿಯಲ್ಲಿ ಪ್ರತಿಷ್ಠೆ ಮಾಡಿದರು. ಅಕ್ಕ ಸೊಂಟಕ್ಕೆ ಕೈ ಕೊಟ್ಟು ನೋಡುತ್ತ ನಿಂತಿದ್ದಳು.

"ನಲ್ವತ್ ವರ್ಷ ಆ ಕಲ್ಲಿಗ್ ಬಟ್ಟಿ ಬಡ್ದೆ," ಎಂದಳು. "ಒಂದ್ ದಿನೂ ರಾಗ ಬರ್ಲಿಲ್ಲೆ."

ಕಲ್ಲು ಹೋದದ್ದಕ್ಕೆ ಅಕ್ಕನಿಗೆ ವಾಷಿಂಗ್ ಮೆಷಿನ್ ಬಂತು. ಅದು ತಿರುಗುವಾಗ ಗೋಡೆ ನಡುಗುತ್ತದೆಂದು ಪದ್ಯದ ಹೊತ್ತಿಗೆ ಅದೂ ಬಂದ್. ಅಕ್ಕ ಬಕೆಟ್ಟು ಹಿಡಿದುಕೊಂಡು ನೆರೆಮನೆಯ ಕಲ್ಲಿಗೆ ಹೋಗತೊಡಗಿದಳು.

ನಿಜ ಗೊತ್ತಾದದ್ದು ಅಡುಗೆಮನೆಯಲ್ಲಿ. ಕಳೆದ ವರ್ಷ ಒಂದು ಮಧ್ಯಾಹ್ನ ಭಾವ ಚಾವಡಿಯಲ್ಲಿ ಕಣ್ಣು ಮುಚ್ಚಿ ಪದ್ಯ ಕೇಳುತ್ತಿದ್ದರು. ನಾನು ಒಳಗೆ ಅಕ್ಕನ ಹತ್ತಿರ ಪಿಸುಮಾತಿನಲ್ಲಿ ಕಷ್ಟಸುಖ ಹೇಳುತ್ತಿದ್ದೆ. ಅಷ್ಟರಲ್ಲಿ ಕುಕ್ಕರು ಸೀಟಿ ಹೊಡೆಯಿತು. ನನ್ನ ಜೀವ ಹಾರಿಹೋಯಿತು, ಇನ್ನು ಭಾವ ಕತ್ತಿ ಹಿಡಿದೇ ಬರುತ್ತಾರೆ ಎಂದು. ಎರಡನೆಯ ಸೀಟಿಯಾಯಿತು, ಮೂರಾಯಿತು. ಚಾವಡಿಯಲ್ಲಿ ಭಾವ ತೊಡೆಯ ಮೇಲೆ ತಾಳ ಹಾಕುತ್ತ ಆರಾಮಾಗಿ ಕೂತಿದ್ದಾರೆ. ನಾನು ಅಕ್ಕನ ಮುಖ ನೋಡಿದೆ.

"ಇವತ್ತ್ ಗೊತ್ತಾಯ್ತಾ ನಿಂಗೆ?" ಎಂದಳು ಅಕ್ಕ. "ಪೆಟ್ಗಿ ಸಮ ಇತ್ತ್ ತಮ್ಮಾ. ಹೋದ್ದ್ ಕೆಮಿ."

ಸಣ್ಣ, ಚೂಪು ಶಬ್ದಗಳು ಭಾವನ ಕಿವಿಯ ಪಾಲಿಗೆ ಇಲ್ಲವಾಗಿದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಭಾವ ನೆಲವನ್ನೇ ಅಗೆಸಿಬಿಟ್ಟಿದ್ದರು.

"ನೀನ್ ಹೇಳ್ಲಿಲ್ಯಾ ಅವ್ರಿಗೆ?"

"ಮೂರ್ ಸಲ ಹೇಳ್ದೆ. ಮೂರ್ ಸಲವೂ 'ಹಾಂ, ಅಡ್ಡಿಲ್ಲೆ' ಅಂದ್ರ್."

ನಾನು ನಕ್ಕೆ. ಅಕ್ಕನೂ ನಕ್ಕಳು. ನಕ್ಕು, ಒಲೆ ಸಣ್ಣ ಮಾಡಿ, ಸೆರಗಿನಿಂದ ಕೈ ಒರಸಿಕೊಂಡಳು.

"ಊಟಕ್ ಬನ್ನಿ, ಯಾರೋ ಬಂದಿರ್, ಕರೆಂಟ್ ಹೋಯ್ತ್, ಇದೆಲ್ಲ ಗಟ್ಟಿ ಕೂಗಿ ಹೇಳ್ಲಕ್ಕ್. ಆರೆ, ದಾಸವಾಳ ಹೂ ಬಿಟ್ಟಿತ್, ಇವತ್ತ್ ಸಾರಿಗ್ ಹುಳಿ ಜಾಸ್ತಿ ಆಯ್ತೇನೋ, ಇಂಥದ್ದೆಲ್ಲ ಕೂಗಿ ಹೇಳುಕ್ ನಾಚ್ಕಿ ಆತ್ತ್ ತಮ್ಮಾ. ಎರಡ್ನೇ ಸಲ ಹೇಳ್ವತಿಗೆ ಅದೊಂದ್ ಮಾತೇ ಅಲ್ಲ ಅಂದೇಳಿ ಕಾಂತ್. ಈಗ ಹೇಳುದೇ ಬಿಟ್ಟೆ."

ಅವರಿಗೆ ಹೋಗಿದ್ದು ತಾಳ. ಇವಳಿಗೆ ಹೋಗಿದ್ದು ಏನೆಂದು ನನಗೆ ಬಸ್ಸಿನಲ್ಲಿ ಬರುವಾಗ ಅರ್ಥವಾಯಿತು.

ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? 'ಕೆಮಿಯೇ ನನ್ನ ಬಂಡವಾಳ' ಎಂದು ಮೂವತ್ತೈದು ವರ್ಷ ಎದೆ ತಟ್ಟಿದವರಿಗೆ ಕಿವಿ ಕೇಳುವುದಿಲ್ಲ ಎಂದು ಹೇಳಿದರೆ ನನ್ನನ್ನೇ ಅರ್ತಿಂಗ್ ಗುಂಡಿಗೆ ಹಾಕಿಯಾರು. ನಾಲ್ಕು ದಿನ ಯೋಚಿಸಿ ಫೋನು ಮಾಡಿದೆ.

"ಭಾವ, ನೀವ್ ಎಲ್ಲ ಬದಲ್ಸಿ ಕಂಡ್ರಿ. ಕೋಣಿ ಒಂದ್ ಬಾಕಿ. ಕುಂದಾಪ್ರದಗೆ ಒಂದ್ ಕೋಣಿ ಇತ್ತ್ ಅಂಬ್ರ್. ಬಾಗ್ಲ್ ಹಾಕ್ರೆ ಹೊರ್ಗಿನ್ ಒಂದ್ ಸೊಳ್ಳೆ ಶಬ್ದವೂ ಬಪ್ಪುದಿಲ್ಲೆ."

"ಹಾಂಗಾ? ನಾಳೆಯೇ ಹೋಪ," ಎಂದರು ಭಾವ.

ಮರುದಿನ ಕುಂದಾಪುರದಲ್ಲಿ ಬಾಗಿಲ ಮೇಲಿನ ಬೋರ್ಡು ಓದಿ ಭಾವನ ಮುಖ ಕೆಂಪೇರಿದ್ದು ನಿಜ. "ಇದ್ ಕೆಮಿ ಆಸ್ಪತ್ರಿ ಅಲ್ದಾ ಮಾಣಿ?" ಎಂದು ತಿರುಗಿ ಹೊರಟೇ ಬಿಟ್ಟಿದ್ದರು. ಅಷ್ಟರಲ್ಲಿ ಗಾಜಿನ ಕಿಟಕಿಯ ಆ ಕೋಣೆ ಕಣ್ಣಿಗೆ ಬಿತ್ತು. ಒಳಗೆ ಹೋಗಿ, ಮಡಕೆ ಕೊಳ್ಳುವವರ ಹಾಗೆ ಗೋಡೆಯನ್ನು ಬೆರಳಿಂದ ಬಡಿದು ನೋಡಿದರು. ಸಂಗಡ ಬಂದಿದ್ದ ಅಕ್ಕ ಬೆಂಚಿನ ಮೇಲೆ ಚೀಲ ತೊಡೆಯಲ್ಲಿಟ್ಟುಕೊಂಡು ಕೂತಳು.

"ಇಂಥದ್ ಮನ್ಯಗೆ ಮಾಡ್ಸುಕ್ ಆತ್ತಾ ಅಮ್ಮಾ?" ಎಂದು ಭಾವ ಪರೀಕ್ಷೆ ಮಾಡುವ ಹುಡುಗಿಯನ್ನು ಕೇಳಿದರು.

"ಅದ್ ಕಡಿಕ್ ಕಾಂಬ ಅಜ್ಜಯ್ಯ. ಈಗ ಇದ್ ಕೆಮಿಗ್ ಹಾಯ್ಕಣಿ. ಶಬ್ದ ಕೇಂಡ್ ಕೂಡ್ಲೇ ಗುಂಡಿ ಒತ್ತಿ."

ಅಜ್ಜಯ್ಯ ಅಂದದ್ದಕ್ಕೆ ಒಮ್ಮೆ ಗುರುಗುಟ್ಟಿ, ಹೆಡ್‌ಫೋನ್ ಹಾಕಿಕೊಂಡರು. ಮೊದಲಿನ ದಪ್ಪ ಶಬ್ದಗಳಿಗೆ ಪಟಪಟನೆ ಒತ್ತಿದರು. ನಮ್ಮತ್ತ ನೋಡಿ ಹೆಮ್ಮೆಯಿಂದ ತಲೆಯನ್ನೂ ಆಡಿಸಿದರು. ಆಮೇಲೆ ಹೆಬ್ಬೆರಳು ನಿಂತಿತು. ಗಾಳ ಹಾಕಿ ಮೀನು ಕಾಯುವವರ ಹಾಗೆ ಅಲ್ಲಾಡದೆ ಕೂತರು. ಮೀನು ಬರಲಿಲ್ಲ.

"ನಿಮ್ ಮೆಷಿನ್ ಸಮ ಇಲ್ಲೆ. ಅರ್ಧಕ್ಕೇ ನಿಂತ್ ಹೋಯ್ತ್," ಎನ್ನುತ್ತ ಹೊರಗೆ ಬಂದರು.

"ಇಲ್ಲೆ ಅಜ್ಜಯ್ಯ, ಬತ್ತಾ ಇತ್ತ್."

"ವಯರ್ ಹಳತ್ತಾಯ್ತ್ ಕಾಣಿ. ನನ್ನ ಹತ್ರ ಒಳ್ಳೇದ್ ಇತ್ತ್, ತಂದ್ ಕೊಡ್ತೆ."

ಪರೀಕ್ಷೆಗೆ ನನ್ನನ್ನು ಒಳಗೆ ನೂಕಿದರು. ನಾನು ಒತ್ತಿದೆ. "ಇವ್ನಿಗೆ ಸಂಗೀತ ತಿಳಿಯೂದಿಲ್ಲೆ, ಇವ್ನ್ ಲೆಕ್ಕ ಹಿಡಿಬೇಡಿ," ಎಂದು ನನ್ನನ್ನು ಎಬ್ಬಿಸಿ, ಬೆಂಚಿನತ್ತ ತಿರುಗಿದರು. "ನೀನ್ ಹೋಗ್ ಕೂಕೋ."

ಅಕ್ಕ ಚೀಲ ನನಗೆ ಕೊಟ್ಟು, ಬೆಂಡೋಲೆ ಸರಿಸಿ, ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದಳು. ಹುಡುಗಿ, ಭಾವ ನಿಂತುಹೋಗಿದ್ದ ಜಾಗದಿಂದಲೇ ಸುರು ಮಾಡಿದಳು. ಅಕ್ಕನ ಹೆಬ್ಬೆರಳು ಒತ್ತಿತು. ಇನ್ನೂ ಸಣ್ಣ ಶಬ್ದ, ಮತ್ತೆ ಒತ್ತಿತು. ಇನ್ನೂ ಸಣ್ಣದು. ಗಾಜಿನ ಈಚೆ ನಮಗೆ ಏನೂ ಕೇಳುವುದಿಲ್ಲ. ಆ ಬೆರಳು ಮಾತ್ರ ಒತ್ತುತ್ತಿದೆ, ಬಿಡುತ್ತಿದೆ, ಒತ್ತುತ್ತಿದೆ. ಭಾವ ಮೊದಲು ಯಂತ್ರದ ದೀಪ ನೋಡುತ್ತಿದ್ದರು. ಆಮೇಲೆ ಬೆರಳು ನೋಡಿದರು. ಆಮೇಲೆ ಅಕ್ಕನ ಮುಖ.

"ಇಷ್ಟೆಲ್ಲ ಶಬ್ದ ಇಪ್ಪುದಾ?" ಎಂದು ಮೆಲ್ಲಗೆ ಕೇಳಿದರು.

"ಇಪ್ಪುದ್ ಅಜ್ಜಯ್ಯ," ಎಂದಳು ಹುಡುಗಿ. ಈ ಸಲ ಭಾವ ಗುರುಗುಟ್ಟಲಿಲ್ಲ.

ಅಕ್ಕ ಹೊರಗೆ ಬಂದು, ಪರೀಕ್ಷೆ ಬರೆದ ಮಕ್ಕಳ ಹಾಗೆ, "ಸಮ ಒತ್ತಿದ್ನಾ?" ಎಂದಳು. ಭಾವ ತಲೆಯಾಡಿಸಿ, ನನ್ನ ಕೈಯಿಂದ ಅವಳ ಚೀಲ ತೆಗೆದುಕೊಂಡರು.

ಎರಡು ವಾರ ಕಳೆದು ಶ್ರವಣಯಂತ್ರ ಬಂದ ದಿನ ಭಾವ ಮೊದಲಿನ ಭಾವನೇ. ಒಳಗೆ ಎಂಥ ಚಿಪ್, ಬ್ಯಾಟರಿ ಶುದ್ಧವೋ ಅಶುದ್ಧವೋ ಎಂದು ಹುಡುಗಿಯ ತಲೆ ತಿಂದರು. ಬರುವ ವರ್ಷ ಇದಕ್ಕಿಂತ ಒಳ್ಳೆಯ ಮಾಡೆಲ್ ಬರಬಹುದೆಂದು ಅವಳು ಹೇಳಿದಾಗ ಭಾವನ ಕಣ್ಣಲ್ಲಿ ಹಳೆಯ ಬೆಳಕು ಬಂತು. ದಾರಿಯುದ್ದಕ್ಕೂ ದೂರು: ಪ್ಲಾಸ್ಟಿಕ್ ಚೀಲ ಪರಪರ ಎನ್ನುತ್ತದೆ, ಬಸ್ಸಿನ ಕಿಟಕಿ ಕಟಕಟ ಎನ್ನುತ್ತದೆ, ತಮ್ಮದೇ ಚಪ್ಪಲಿ ಇಷ್ಟು ವರ್ಷ ಇಷ್ಟು ಗಲಾಟೆ ಮಾಡುತ್ತಿದ್ದರೂ ಒಬ್ಬರಾದರೂ ಹೇಳಲಿಲ್ಲ.

ಮನೆಗೆ ಬಂದವರೇ ಚಾವಡಿಯಲ್ಲಿ ಕೂತು ಆ ಹಳೆಯ ರೆಕಾರ್ಡು ಹುಡುಕತೊಡಗಿದರು. ನಾನೂ ಉಸಿರು ಹಿಡಿದು ಕೂತೆ. ಅಕ್ಕ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ತುರಿಯುತ್ತ ತನ್ನಷ್ಟಕ್ಕೆ ಏನೋ ಅಂದಳು. ನನಗೇ ಸರಿಯಾಗಿ ಕೇಳಿಸಲಿಲ್ಲ.

ಭಾವ ಮೊಬೈಲು ಕೆಳಗಿಟ್ಟು, ಎದ್ದು, ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಎಂತ ಅಂದೆ?"

ಅಕ್ಕ ಬೆಚ್ಚಿ ತಿರುಗಿದಳು. "ಎಂತ ಇಲ್ಲೆ."

"ಎಂತೋ ಅಂದೆ."

"ಕಾಯಿ ಸಿಹಿ ಇತ್ತ್ ಅಂದೆ."

"ಯಾವ್ ಮರದ್ದ್?"

ಅಕ್ಕ ಕೈಯಲ್ಲಿದ್ದ ಕಾಯಿ ಹೋಳನ್ನು ಕೆಳಗಿಟ್ಟಳು. "ಬಾವಿಕಟ್ಟಿ ಹತ್ರದ್ದ್."

"ಅದ್ ಯಾವಾಗ್ಳೂ ಸಿಹಿಯೇ ಅಲ್ದಾ?"

"ಅಲ್ಲ. ಎರಡ್ ವರ್ಷ ಸಪ್ಪೆ ಆಯಿತ್ತ್," ಎಂದಳು ಅಕ್ಕ. "ನಿಮ್ಗೆ ಹೇಳ್ಲಿಲ್ಲೆ."

ಭಾವ ಗೋಡೆಗೊರಗಿಸಿದ್ದ ಮಣೆ ಎಳೆದುಕೊಂಡು ಅವಳೆದುರು ಕೂತರು.

"ಮತ್ತೆ ಎಂತೆಲ್ಲ ಹೇಳ್ಲಿಲ್ಲೆ?"

ಅಕ್ಕ ಕಾಯಿ ಹೋಳನ್ನು ಮತ್ತೆ ಕೈಗೆತ್ತಿಕೊಂಡಳು. ತುರಿಯುತ್ತ, ಧ್ವನಿ ಏರಿಸದೆ, ಹೇಳತೊಡಗಿದಳು.