ಒಂದು ಮುಖ, ಹನ್ನೊಂದು ರೇಜರು

“ಇರೋದೊಂದು ಮುಖ. ಅದಕ್ಕೆ ಹನ್ನೊಂದು ರೇಜರಾ?”

ಭುವನಾಳ ಈ ಪ್ರಶ್ನೆ ಕಡೂರಿನ ಆ ಬೀದಿಯಲ್ಲಿ ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಎದುರುಮನೆಯಲ್ಲಿ ಗಿಳಿಯೊಂದಿದ್ದಿದ್ದರೆ ಅದೂ ಕಲಿತುಬಿಡುತ್ತಿತ್ತು. (ಗಿಳಿ ಇರಲಿಲ್ಲ. ವನಜಾಕ್ಷಿ ಇದ್ದಳು. ಊರಿಗೆಲ್ಲ ಸುದ್ದಿ ಮುಟ್ಟಿಸಲು ಅಷ್ಟು ಸಾಕಿತ್ತು.)

ಪ್ರಶ್ನೆಗೆ ಉತ್ತರ ಕೊಡಬೇಕಾದ ಗಂಡ ಯೋಗಾನಂದ ಮಾತ್ರ ಆ ಹೊತ್ತಿಗೆ ಮುಖದ ತುಂಬ ನೊರೆ ಬಳಿದುಕೊಂಡು ಕನ್ನಡಿಯ ಮುಂದೆ ನಿಂತಿರುತ್ತಿದ್ದ. ಬಾಯಿ ತೆರೆದರೆ ಸೋಪು ಒಳಗೆ ಹೋಗುತ್ತದೆಂದು ಕೈಸನ್ನೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದ. ಮದುವೆಯಾದ ಗಂಡಸಿಗೆ ಮುಖಕ್ಷೌರದಿಂದ ಆಗುವ ಲಾಭಗಳಲ್ಲಿ ಇದೂ ಒಂದು.

ಯೋಗಾನಂದನದು ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳಲ್ಲಿ ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋದರೆ ಅದರ ಪುನರ್ಜನ್ಮ ಆಗುವುದು ಇಲ್ಲಿಯೇ. ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುವ ಸೀಮೆಯಲ್ಲಿ ಹುಟ್ಟಿ ಬೆಳೆದವನಾದ್ದರಿಂದ ಅವನಿಗೆ ಪ್ರಪಂಚವೆಲ್ಲ ಪಾಳಿಯ ಲೆಕ್ಕದಲ್ಲೇ ಅರ್ಥವಾಗುತ್ತಿತ್ತು. ನೊರೆ ಒರೆಸಿಕೊಂಡ ಮೇಲೆ ಅದನ್ನೇ ಹೆಂಡತಿಗೆ ಬೋಧಿಸುತ್ತಿದ್ದ.

“ನೋಡು ಭುವನಾ, ಒಂದೇ ಮೋಟ್ರನ್ನ ಹಗ್ಲೂ ರಾತ್ರಿ ಓಡಿಸಿದ್ರೆ ಏನಾಗುತ್ತೆ?”

“ಸುಟ್ಟೋಗುತ್ತೆ. ನಿಮ್ಮ ಅಂಗ್ಡಿ ನಡೆಯುತ್ತೆ.”

“ಅದೇ! ರೇಜರೂ ಹಂಗೇ ಕಣೇ. ಪಾಳಿ ಮೇಲೆ ಬಿಡ್ಬೇಕು. ಇವತ್ತು ದುಡಿದಿದ್ದು ನಾಳೆ ಒಣಗ್ಬೇಕು, ಸುಧಾರಿಸ್ಕೋಬೇಕು.”

“ನಾನು ಆರು ವರ್ಷದಿಂದ ಒಂದೇ ಪಾಳೀಲಿ ಓಡ್ತಾ ಇದೀನಲ್ರೀ, ನನಗ್ಯಾವಾಗ ಸುಧಾರಿಸ್ಕೊಳ್ಳೋಕೆ ಬಿಡ್ತೀರಿ?”

ಈಗ ತಪ್ಪಿಸಿಕೊಳ್ಳೋಣವೆಂದರೆ ಮುಖದ ಮೇಲೆ ನೊರೆಯೂ ಇರಲಿಲ್ಲ. ಒಮ್ಮೆ ಮಾತ್ರ ಧೈರ್ಯ ಮಾಡಿ, “ನಿಂಗೂ ಇರೋದೊಂದೇ ಮೈ, ಬೀರು ತುಂಬ ಸೀರೆ ಯಾಕೆ?” ಎಂದು ಕೇಳಿದ್ದ. “ಸೀರೆ ಉಟ್ರೆ ನಾಲ್ಕು ಜನ ನೋಡ್ತಾರೆ. ನೀವು ಯಾವುದ್ರಲ್ಲಿ ಕೆರ್ಕೊಂಡ್ರಿ ಅಂತ ಯಾರು ನೋಡ್ತಾರೆ?” ಎಂದು ಅವಳು ಕೇಳಿದ ಮೇಲೆ ಆ ದಾರಿಗೆ ಮತ್ತೆ ಹೋಗಲಿಲ್ಲ.

ನಿಜ ಹೇಳಬೇಕೆಂದರೆ ಇದೆಲ್ಲ ಶುರುವಾದದ್ದು ಅವನ ತಂದೆಯ ರೇಜರಿನಿಂದ. ಅಂಗಡಿಯಲ್ಲಿ ಸಿಗುವ, ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನದು ಅವನ ಕೆನ್ನೆಗೆ ಆಗುತ್ತಿರಲಿಲ್ಲ. ಕತ್ತಿನ ತುಂಬ ಗುಳ್ಳೆ ಏಳುತ್ತಿತ್ತು. ತಂದೆ ತೀರಿಕೊಂಡ ವರ್ಷ ಟ್ರಂಕಿನಲ್ಲಿ ಸಿಕ್ಕಿದ ಹಿತ್ತಾಳೆಯ ಹಳೇ ರೇಜರನ್ನು ಉಜ್ಜಿ ತೊಳೆದು, ಹೊಸ ಬ್ಲೇಡು ಹಾಕಿ ಎಳೆದು ನೋಡಿದ. ಬೆಣ್ಣೆ ತೆಗೆದಂತೆ ಗಡ್ಡ ಹೊರಟುಹೋಯಿತು. ಚಿಕ್ಕವನಿದ್ದಾಗ ಅಪ್ಪನ ಪಕ್ಕ ನಿಂತು, ತನ್ನ ಮೂಗಿಗೂ ಒಂದಿಷ್ಟು ನೊರೆ ಹಚ್ಚಿಸಿಕೊಳ್ಳುತ್ತಿದ್ದುದು ನೆನಪಾಗಿ ಕಣ್ಣು ತುಂಬಿ ಬಂತು. ಅಲ್ಲಿಗೆ ಚಟ ಹತ್ತಿತು.

ಬೀರೂರಿನ ಗುಜರಿ ಅಂಗಡಿಗಳಿಗೆ ಭಾನುವಾರದ ದಂಡಯಾತ್ರೆ ಆರಂಭವಾಯಿತು. ಬೀರೂರಿನಿಂದ ಬೀರುವಿಗೆ ಒಂದೊಂದಾಗಿ ರೇಜರುಗಳು ಬಂದವು. ಒಂದೊಂದಕ್ಕೂ ಒಂದೊಂದು ಗುಣ, ಗುಣಕ್ಕೆ ತಕ್ಕ ನಾಮಕರಣ. ದಪ್ಪಗೆ, ಭಾರವಾಗಿ, ದಯೆ ದಾಕ್ಷಿಣ್ಯವಿಲ್ಲದೆ ಹೆರೆಯುವುದು ‘ಅಮಲ್ದಾರ್’. ಮೂರು ದಿನದ ಗಡ್ಡವಿದ್ದರೆ ಮಾತ್ರ ಅದನ್ನು ಕರೆಸಬೇಕು. ಕೈ ಸ್ವಲ್ಪ ವಾಲಿದರೂ ರಕ್ತ ತೆಗೆದು ಬುದ್ಧಿ ಕಲಿಸುವುದು ‘ಹೆಡ್ಮೇಷ್ಟ್ರು’. ಹಿಡಿಯ ಬುಡ ತಿರುಗಿಸಿದರೆ ತಲೆ ಎರಡು ಬಾಗಿಲಾಗಿ ತೆರೆದುಕೊಳ್ಳುವ ನಯವಾದದ್ದು ‘ಬೀಗರು’. ಮುಟ್ಟಿದ್ದೇ ಗೊತ್ತಾಗುವುದಿಲ್ಲ, ಆದರೆ ಕೆಲಸವನ್ನೂ ಅರ್ಧಕ್ಕೇ ಬಿಡುತ್ತದೆ. ಇವತ್ತು ಯಾರ ಪಾಳಿ ಎಂದು ಬೆಳಿಗ್ಗೆ ಎದ್ದು ಯೋಚಿಸುವುದರಲ್ಲೇ ಅವನಿಗೆ ಒಂದು ಉಲ್ಲಾಸವಿತ್ತು. ಎಲ್ಲರ ಮನೆಯಲ್ಲೂ ಅದೇ ಉಪ್ಪಿಟ್ಟು, ಅದೇ ಮೋಟಾರು, ಅದೇ ಮುಖ. ಅದರ ನಡುವೆ ದಿನಕ್ಕೊಂದು ಹೊಸತು ಇರಲಿ ಎಂದು ಆಸೆ ಪಡುವುದು ಮಹಾಪರಾಧವೇನಲ್ಲ.

ಇನ್ನೊಂದು ಕಾರಣವೂ ಇತ್ತು. ಅದನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ. ಆರು ವರ್ಷದಿಂದ ಮದುವೆ, ನಾಮಕರಣ ಎಂದು ಎಲ್ಲಿಗೆ ಹೋದರೂ ಜನ ಊಟ ಮುಗಿಯುವುದರೊಳಗೆ “ಏನಪ್ಪಾ, ವಿಶೇಷ ಏನೂ ಇಲ್ವಾ?” ಎಂದು ಕೇಳುತ್ತಿದ್ದರು. ಗುಜರಿ ಅಂಗಡಿಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ.

ಹೀಗಿರುವಾಗ ಕಳೆದ ತಿಂಗಳು ಭುವನಾಳ ತಾಳ್ಮೆ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಶನಿವಾರ ಬೆಳಿಗ್ಗೆ ಅವನು ನೊರೆ ಕಲೆಸುತ್ತಿದ್ದಂತೆಯೇ ಅಡುಗೆಮನೆಯಿಂದ ಸೆರಗು ಮೂಗಿಗೆ ಒತ್ತಿಕೊಂಡು ಬಂದಳು.

“ಆ ಸೋಪಿನ ವಾಸ್ನೆಗೆ ಹೊಟ್ಟೆ ತೊಳಸುತ್ತೆ ಕಣ್ರೀ! ಮೊದ್ಲು ಆಚೆಗೆ ಬಿಸಾಕಿ ಅದನ್ನ.”

“ಶ್ರೀಗಂಧ ಕಣೇ ಇದು.”

“ಗಂಧವೋ ಗೊಬ್ಬರವೋ ನಂಗ್ಗೊತ್ತಿಲ್ಲ. ನಾಳೆ ಸಂಜೆಯೊಳ್ಗೆ ಬೀರುವಿನ ಆ ಖಾನೆ ಖಾಲಿ ಆಗ್ಬೇಕು. ಒಂದು ರೇಜರು ಇಟ್ಕೊಳ್ಳಿ. ಮಿಕ್ಕಿದ್ದು ಈ ಮನೇಲಿದ್ರೆ ನಾನೇ ಗುಜರಿಯವನಿಗೆ ಹಾಕ್ತೀನಿ. ಯಾರಿಗೆ ಕೊಡೋಕೆ ಅಂತ ಹಿಂಗೆ ಕೂಡಿಡ್ತಿದೀರಿ?”

ಕೊನೆಯ ಮಾತು ಬಾಯಿಂದ ಜಾರಿತ್ತು. ಭುವನಾ ಕಣ್ಣೊರೆಸಿಕೊಂಡು ಒಳಗೆ ಹೋದಳು. ಯೋಗಾನಂದ ಕನ್ನಡಿಯಲ್ಲಿ ತನ್ನ ನೊರೆ ಮುಖವನ್ನೇ ನೋಡುತ್ತ ನಿಂತ. ಅವಳ ಮೇಲೆ ಸಿಟ್ಟು ಬರಲಿಲ್ಲ, ಬೇಜಾರಾಯಿತು. ಆದರೆ ಹನ್ನೊಂದರಲ್ಲಿ ಒಂದನ್ನು ಆರಿಸುವುದು ಹೇಗೆ? ಅಪ್ಪನದನ್ನು ಬಿಡುವಂತಿಲ್ಲ. ಅಪ್ಪನದೊಂದನ್ನೇ ಇಟ್ಟುಕೊಂಡು ಮಿಕ್ಕವನ್ನು ಗುಜರಿಗೆ ಹಾಕುವುದೆಂದರೆ ಯಾರದೋ ಅಪ್ಪಂದಿರನ್ನು ಬೀದಿಗೆ ತಳ್ಳಿದಂತೆ.

ಯೋಚಿಸಿ ಯೋಚಿಸಿ ಒಂದು ಉಪಾಯ ಹೊಳೆಯಿತು. ಅಜ್ಜಂಪುರದಲ್ಲಿ ಕೊಬ್ಬರಿ ವ್ಯಾಪಾರದ ಹೊನ್ನೇಶನಿದ್ದ. ಬೀರೂರಿನ ಗುಜರಿ ರಾಶಿಯಲ್ಲಿ ಇಬ್ಬರೂ ಒಂದೇ ರೇಜರಿಗೆ ಕೈ ಹಾಕಿ, ಎಳೆದಾಡಿ, ಆಮೇಲೆ ಪ್ರಾಣಸ್ನೇಹಿತರಾದವರು. ಅವನ ಮನೆಯಲ್ಲಿ ಕೆಲವು ದಿನ ಇವನ್ನು ಬೀಡುಬಿಡಿಸಿದರಾಯಿತು ಎಂದುಕೊಂಡು ಭಾನುವಾರ ಬೆಳಿಗ್ಗೆ ರೇಜರುಗಳನ್ನೆಲ್ಲ ಹಳೇ ಪಂಚೆಯಲ್ಲಿ ಸುತ್ತಿ ಕೈಚೀಲಕ್ಕೆ ತುಂಬಿದ. ಬಾಗಿಲಲ್ಲಿ ಭುವನಾ, “ಒಂದನ್ನೂ ವಾಪಸ್ ತರ್ಬೇಡಿ!” ಎಂದು ಕೂಗಿ ಹೇಳಿದಳು. ಎದುರುಮನೆ ವನಜಾಕ್ಷಿಯ ಕಿಟಕಿ ಮೆಲ್ಲಗೆ ತೆರೆದುಕೊಂಡಿತು.

ಅಜ್ಜಂಪುರದಲ್ಲಿ ರೈಲಿಳಿದು ಹೊನ್ನೇಶನ ಮನೆ ಮುಟ್ಟಿದಾಗ ಅವನು ಜಗುಲಿಯ ಮೇಲೇ ಎದುರಾದ. ಯೋಗಾನಂದ ಬಾಯಿ ತೆರೆಯುವ ಮೊದಲೇ ಅಪ್ಪಿಕೊಂಡ.

“ದೇವರು ಕಳಿಸ್ದಂಗೆ ಬಂದೆ ಕಣೋ! ನಾನೇ ನಿಮ್ಮನೇಗೆ ಬರೋನಿದ್ದೆ. ಇವಳು, ಒಂದೋ ನಾನಿರ್ಬೇಕು ಒಂದೋ ರೇಜರಿರ್ಬೇಕು ಅಂತ ಕೂತ್ಬಿಟ್ಟಿದಾಳೆ. ನನ್ನವು ಏಳೂ ನಿಮ್ಮನೇಲಿರ್ಲಿ.”

“ನಮ್ಮನೇಲಾ?” ಯೋಗಾನಂದ ಕೈಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಮತ್ತಿನ್ನೆಲ್ಲಿ? ನಿನ್ನ ಹೆಂಡ್ತಿ ದೇವತೆ, ಒಂದು ಮಾತೂ ಆಡಲ್ಲ, ತಾನೇ ರೇಜರು ಒರೆಸಿ ಇಡ್ತಾಳೆ ಅಂತ ಫೋನಲ್ಲಿ ನೀನೇ ಹೇಳ್ತಿರ್ತೀಯಲ್ಲ!”

ಹೇಳಿದ್ದು ನಿಜ. (ದೂರದ ಸ್ನೇಹಿತನ ಹತ್ತಿರ ಹೆಂಡತಿಯ ವಿಚಾರದಲ್ಲಿ ಸ್ವಲ್ಪ ಉಪ್ಪು ಖಾರ ಹಚ್ಚುವುದು ಎಲ್ಲ ಗಂಡಸರಲ್ಲೂ ಇರುವುದೇ.) ಅಷ್ಟರಲ್ಲಿ ಹೊನ್ನೇಶನ ಹೆಂಡತಿ ಭವ್ಯ ಕಾಫಿ ತಂದವಳು, “ಅವರನ್ನ ನೋಡಿ ಕಲೀರಿ. ಎಷ್ಟು ಶಿಸ್ತು, ಎಷ್ಟು ಹೊಂದಾಣಿಕೆ” ಎಂದು ಬೇರೆ ಹೇಳಿದಳು. ಇನ್ನು ಕೈಚೀಲ ಬಿಚ್ಚುವುದೆಲ್ಲಿ ಬಂತು? ಅದನ್ನು ಕುರ್ಚಿಯ ಹಿಂದಕ್ಕೆ ತಳ್ಳಿ, ಇದ್ದಬದ್ದ ಹಲ್ಲನ್ನೆಲ್ಲ ತೋರಿಸಿ, ಹೊನ್ನೇಶನ ಏಳು ರೇಜರುಗಳನ್ನು ಎರಡೂ ಕೈಯಲ್ಲಿ ಸ್ವೀಕರಿಸಿದ.

ಉಪಕಾರಕ್ಕೆ ಪ್ರತಿಯಾಗಿ ಹೊನ್ನೇಶ ಒಂದು ಗುಟ್ಟು ಹೇಳಿದ. ತರೀಕೆರೆಯಲ್ಲಿ ಗಡಿಯಾರ ರಿಪೇರಿಯ ಪುಟ್ಟಯ್ಯನ ಹತ್ತಿರ ಕತ್ತಿನಲ್ಲಿ ನಂಬರು ಕೊರೆದ ಬಿಲ್ಲೆ ಇರುವ ರೇಜರಿದೆ. ಬಿಲ್ಲೆಯನ್ನು ಒಂದಕ್ಕೆ ತಿರುಗಿಸಿದರೆ ಹೂವು, ಒಂಬತ್ತಕ್ಕೆ ತಿರುಗಿಸಿದರೆ ಹುಲಿ.

ತರೀಕೆರೆಯ ಬಸ್ಸಿನಲ್ಲಿ ಕೂತು ಯೋಗಾನಂದ ತನ್ನನ್ನೇ ಸಮಾಧಾನಪಡಿಸಿಕೊಂಡ. ಒಂದೇ ರೇಜರಿರಲಿ ಎಂದು ತಾನೇ ಭುವನಾ ಹೇಳಿದ್ದು? ಅಮಲ್ದಾರನೂ ಬೀಗರೂ ಒಂದೇ ಮೈಯಲ್ಲಿರುವ ಈ ರೇಜರೊಂದಿದ್ದರೆ ಬೇರೆ ಯಾವುದೂ ಬೇಕಾಗುವುದಿಲ್ಲ. ಹಾಗಾಗಿ ಇದನ್ನು ಕೊಳ್ಳುವುದು ಹೆಂಡತಿಯ ಮಾತು ಮೀರುವುದಲ್ಲ, ಪಾಲಿಸುವುದು. ಹೊಸದೊಂದನ್ನು ಕೊಳ್ಳುವಾಗಲೆಲ್ಲ ಅವನ ಬುದ್ಧಿ ಇಷ್ಟೇ ಚುರುಕಾಗಿ ಕೆಲಸ ಮಾಡುತ್ತಿತ್ತು.

ತರೀಕೆರೆಯಲ್ಲಿ ಪುಟ್ಟಯ್ಯ ಕನ್ನಡಕದ ಮೇಲಿಂದ ನೋಡಿ, “ಇನ್ನೂ ಎಷ್ಟಿದಾವಪ್ಪಾ ನಿನ್ನತ್ರ?” ಎಂದು ಕೇಳಿದ.

“ಇದೊಂದೇ ಯಜಮಾನ್ರೇ” ಎಂದ ಯೋಗಾನಂದ. ಕೈಚೀಲ ಕಣಕಣ ಎಂದಿತು.

ಕತ್ತಲಾಗುವ ಹೊತ್ತಿಗೆ ಕಡೂರಿನಲ್ಲಿ ರೈಲಿಳಿದು ಮನೆಯ ಮುಂದೆ ನಿಂತವನು ಸದ್ದಾಗದಂತೆ ಕೈಚೀಲವನ್ನು ಎದೆಗವುಚಿಕೊಂಡ. ಖಾಲಿ ಮಾಡಲು ಹೋದವನು ಹತ್ತೊಂಬತ್ತರೊಂದಿಗೆ ಬಂದಿದ್ದ. ಒಳಗೆ ಹೋದರೆ ತಾಯಿ ಕಾಮಾಕ್ಷಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದರು. ಅಡುಗೆಮನೆಯಿಂದ ಶಾವಿಗೆ ಪಾಯಸದ ಘಮ ಬರುತ್ತಿತ್ತು. ಭುವನಾ ಕುರ್ಚಿಯಲ್ಲಿ ಕೂತಿದ್ದಳು. ಕೂತೇ ಇದ್ದಳು, ಮೇಲೇಳಲಿಲ್ಲ. ಅತ್ತೆ ನಿಂತಿರುವಾಗ ಸೊಸೆ ಕೂತಿರುವುದನ್ನು ಆ ಮನೆಯಲ್ಲಿ ಅವನು ನೋಡಿರಲಿಲ್ಲ.

ಇದೇನೋ ದೊಡ್ಡ ಪಂಚಾಯ್ತಿಯ ಲಕ್ಷಣವೆಂದು ಹೆದರಿ ಅವನು ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಸಿಬಿಟ್ಟ. ಅಜ್ಜಂಪುರ, ಏಳು, ತರೀಕೆರೆ, ಬಿಲ್ಲೆ, ಹೂವು, ಹುಲಿ. “ನಾಳೇನೇ ಎಲ್ಲಾನೂ ಎಲ್ಲಾದ್ರೂ ಸಾಗಿಸ್ತೀನಿ ಕಣೇ” ಎಂದು ಮುಗಿಸಿದ.

ಭುವನಾ ನಕ್ಕಳು. “ಯಾಕ್ರೀ ಸಾಗಿಸ್ತೀರಿ? ಇಟ್ಕೊಳ್ಳಿ. ಇನ್ನೂ ಬೇಕಾದ್ರೂ ತನ್ನಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಇದನ್ನು ತಡೆದುಕೊಳ್ಳಲಾಗಲಿಲ್ಲ. “ಏನಾಯ್ತೇ ನಿಂಗೆ? ಹುಷಾರಿದೀಯಾ?”

“ಹೊಟ್ಟೆ ತೊಳಸುತ್ತೆ ಅಂದಿದ್ನಲ್ಲ. ಅತ್ತೆ ಡಾಕ್ಟ್ರತ್ರ ಕರ್ಕೊಂಡು ಹೋಗಿದ್ರು.” ಅವಳು ತಲೆ ತಗ್ಗಿಸಿದಳು. “ಸೋಪಿಂದೇನೂ ತಪ್ಪಿಲ್ವಂತೆ.”

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಕೈಚೀಲದ ಸಮೇತ ನೆಲದ ಮೇಲೆ ಕೂತುಬಿಟ್ಟ. ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಆರು ವರ್ಷ ಜನರೆದುರು ನಗುತ್ತ ನಿಂತಿದ್ದವನು ಈಗ ಹೆಂಡತಿ, ತಾಯಿ ಇಬ್ಬರ ಮುಂದೆಯೂ ನಾಚಿಕೆಯಿಲ್ಲದೆ ಅತ್ತ. ಭುವನಾ ಅವನ ತಲೆಯ ಮೇಲೆ ಕೈಯಿಟ್ಟಳು, ಕಾಮಾಕ್ಷಮ್ಮ ಸೆರಗಿನಿಂದ ಮೂಗೊರೆಸಿಕೊಂಡರು.

ಅತ್ತು ಹಗುರಾದವನಿಗೆ ಉತ್ಸಾಹ ಉಕ್ಕಿತು. ಬಿಲ್ಲೆಯ ರೇಜರನ್ನು ಚೀಲದಿಂದ ತೆಗೆದ. “ನಾಳೆ ಬೆಳಿಗ್ಗೆ ಇದ್ರದ್ದೇ ಪಾಳಿ! ನುಣ್ಣಗೆ ಶೇವ್ ಮಾಡ್ಕೊಂಡು ದೇವಸ್ಥಾನಕ್ಕೆ...”

“ಲೇ, ಇಡೋ ಅದನ್ನ!” ಕಾಮಾಕ್ಷಮ್ಮ ಗದರಿಸಿದರು. “ಬಸ್ರಿ ಹೆಂಗ್ಸಿನ ಗಂಡ ಗಡ್ಡ ತೆಗೀತಾನೇನೋ? ಹೆರಿಗೆ ಆಗೋವರ್ಗೂ ಮುಖಕ್ಕೆ ಕತ್ತಿ ಸೋಕಿಸ್ಬಾರ್ದು.”

“ಅದು ಐದು ತಿಂಗ್ಳಾದ್ಮೇಲೆ ಅಲ್ವೇನಮ್ಮಾ?”

“ಬೇರೆಯೋರಿಗೆ ಐದು ತಿಂಗ್ಳು. ಆರು ವರ್ಷ ಕಾದಿರೋ ನಮ್ಗೆ ಇವತ್ತಿಂದ್ಲೇ. ಮೂರು ತಿಂಗ್ಳು ತುಂಬೋವರ್ಗೂ ಯಾರ ಹತ್ರಾನೂ ಬಾಯಿ ಬಿಡೋ ಹಂಗಿಲ್ಲ, ನೆನಪಿಟ್ಕೋ.”

ಯೋಗಾನಂದ ಹೆಂಡತಿಯ ಮುಖ ನೋಡಿದ. ಭುವನಾ ಪಾಯಸದ ಲೋಟ ಅವನ ಕೈಗಿಟ್ಟು, “ಅದಕ್ಕೇ ಹೇಳಿದ್ದು, ಎಷ್ಟು ಬೇಕಾದ್ರೂ ಇಟ್ಕೊಳ್ಳಿ ಅಂತ” ಎಂದಳು.

ಮೂರು ವಾರದಲ್ಲಿ ಗಡ್ಡ ಕಾಡಿನಂತೆ ಬೆಳೆಯಿತು. ಕಾರಣ ಹೇಳುವಂತಿಲ್ಲ. ವನಜಾಕ್ಷಿಗೆ ಕಾರಣ ಬೇಕಾಗಿಯೂ ಇರಲಿಲ್ಲ. ಅವನು ಚೀಲ ಹೊತ್ತುಕೊಂಡು ಹೋದದ್ದನ್ನು, ಭುವನಾ ಕೂಗಿದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಹೆಂಡತಿ ರೇಜರುಗಳನ್ನೆಲ್ಲ ಮಾರಿಸಿದಳಂತೆ, ಗಡ್ಡ ತೆಗೆಯಲು ಒಂದು ಬ್ಲೇಡಿಗೂ ಗತಿಯಿಲ್ಲವಂತೆ ಎಂಬ ಸುದ್ದಿ ಪಂಚನಹಳ್ಳಿಯವರೆಗೂ ಹೋಯಿತು. ಅಂಗಡಿಗೆ ಬಂದವರೆಲ್ಲ ಅವನ ಗಡ್ಡ ನೋಡಿ ಲೊಚಗುಟ್ಟುತ್ತಿದ್ದರು.

ಒಂದು ದಿನ ಪಂಚನಹಳ್ಳಿಯ ತಮ್ಮಯ್ಯ ಸುಟ್ಟ ಮೋಟಾರು ಇಳಿಸಿದವನು ಆಚೀಚೆ ನೋಡಿ, ಅಂಗಿ ಜೇಬಿನಿಂದ ಕಾಗದದಲ್ಲಿ ಸುತ್ತಿದ್ದೊಂದನ್ನು ತೆಗೆದು ಯೋಗಾನಂದನ ಕೈಯಲ್ಲಿ ತುರುಕಿದ. ಬಿಚ್ಚಿದರೆ, ಹಳೆಯ ಕಾಲದ ಬೆಳ್ಳಿ ಬಣ್ಣದ ರೇಜರು.

“ನಮ್ಮ ದೊಡ್ಡಪ್ಪಂದು. ಇಟ್ಕೋ” ಎಂದ ತಮ್ಮಯ್ಯ, ದನಿ ತಗ್ಗಿಸಿ. “ಗಂಡಸಾದೋನು ಇಷ್ಟೊಂದು ಹೆದರ್ಬಾರ್ದು ಕಣಪ್ಪಾ. ಮನೇಲಿ ಆಗ್ದಿದ್ರೆ ಅಂಗ್ಡೀಲೇ ಕದ್ದು ಹೆರ್ಕೊಂಡು ಹೋಗು.”

ಇಪ್ಪತ್ತನೆಯದು! ಹೇಳಿಬಿಡಬೇಕೆಂದು ನಾಲಗೆಯ ತುದಿಗೆ ಬಂದ ಮಾತನ್ನು ಯೋಗಾನಂದ ಕಷ್ಟಪಟ್ಟು ನುಂಗಿಕೊಂಡ. ಗಡ್ಡದ ಮರೆಯಲ್ಲಿ ನಗು ಕಾಣಿಸಲಿಲ್ಲ.

“ಏನ್ಮಾಡೋದು ತಮ್ಮಯ್ಯಣ್ಣಾ,” ಎಂದ, “ಮನೇಲಿ ನನ್ನ ಮಾತು ನಡೆಯಲ್ಲ.”