ದೊಡ್ಡಪ್ಪ ಹಾಕಿದ ಮೂರನೇ ಪಾಲು

ನಮ್ಮ ದೊಡ್ಡಪ್ಪನ ಎದುರಿಗೆ ನೀವು ಕಲ್ಲಂಗಡಿ ಹಣ್ಣು ಕೊಯ್ದಿದ್ದೀರಾ? ಇಲ್ಲ ತಾನೇ? ಹಾಗಿದ್ದರೆ ನೀವು ಪುಣ್ಯವಂತರು!

ಒಮ್ಮೆ ಮರಳೂರಿನ ನಮ್ಮ ಮನೆಯಲ್ಲಿ ಅಮ್ಮ ಹಣ್ಣು ಕೊಯ್ದು ಎಲ್ಲರ ತಟ್ಟೆಗೂ ಹಾಕಿದ್ದಳು. ದೊಡ್ಡಪ್ಪ ತಟ್ಟೆಗಳನ್ನೆಲ್ಲ ಒಂದು ಸುತ್ತು ನೋಡಿದರು. ನನ್ನ ತಮ್ಮ ಕಚ್ಚಿದ್ದ ಹೋಳನ್ನೂ ಬಿಡದೆ ಎಲ್ಲವನ್ನೂ ವಾಪಸ್ ತೆಗೆದುಕೊಂಡು ಹೊಸದಾಗಿ ಕೊಯ್ಯಲು ಕೂತರು. "ಪಾಲು ಹಾಕೋನು ಕೊನೇಲಿ ತಗೋಬೇಕು, ಚಿಕ್ಕೋರು ಮೊದ್ಲು ಆರಿಸ್ಕೋಬೇಕು. ಇದು ನಮ್ ಕಡೆ ನ್ಯಾಯ!" ಕೊಯ್ದು, ಅಳೆದು, ಮತ್ತೆ ಕೊಯ್ದು ಮುಗಿಸುವ ಹೊತ್ತಿಗೆ ಉಳಿದದ್ದು ರಸ ಮಾತ್ರ. ನಮಗೆ ನ್ಯಾಯ ಸಿಕ್ಕಿತು, ಹಣ್ಣು ಸಿಗಲಿಲ್ಲ!

ಅಮೃತೂರಿನಿಂದ ಕುಣಿಗಲ್‌ಗೆ ಹೋಗುವ ಪ್ರೈವೇಟ್ ಬಸ್ಸಿನಲ್ಲೂ ಇದೇ ಕಥೆ. ಎಡಗಡೆಯವರಿಗೆ ದಾರಿಯುದ್ದಕ್ಕೂ ಬಿಸಿಲು, ಬಲಗಡೆಯವರಿಗೆ ನೆರಳು. ಇದನ್ನು ಸಹಿಸುವ ಜೀವವೇ ಅದು? ಅರ್ಧ ದಾರಿಯಲ್ಲಿ ಎದ್ದು ನಿಂತು, ಎಲ್ಲರೂ ಸೀಟು ಬದಲಾಯಿಸಿ ಎಂದರು. ಕಂಡಕ್ಟರ್ ರೇಗಿದ: "ಯಜಮಾನ್ರೇ, ಬಸ್ ನಿಮ್ದಾ, ನಮ್ದಾ?"

"ಬಸ್ ನಿಮ್ದೇ ಕಣಪ್ಪ, ಬಿಸ್ಲು ಎಲ್ರುದೂ!"

ನಂಬಿದರೆ ನಂಬಿ, ಎರಡು ಸಾಲಿನವರು ನಿಜವಾಗಿಯೂ ಎದ್ದು ಜಾಗ ಬದಲಾಯಿಸಿದರು.

ಇಂಥ ದೊಡ್ಡಪ್ಪ ಒಂದೇ ಒಂದು ವಿಷಯದಲ್ಲಿ ತೆಪ್ಪಗಿದ್ದರು. ತಾತ ತೀರಿಕೊಂಡ ಮೇಲೆ ಅವರ ಉಯಿಲಿನ ಪ್ರಕಾರ ಅಮೃತೂರಿನ ತೆಂಗಿನ ತೋಟ ದೊಡ್ಡಪ್ಪ ಮತ್ತು ನಮ್ಮಪ್ಪನಿಗೆ ಅರ್ಧರ್ಧ ಬಂತು. ಖಾತೆಯೂ ಆಯಿತು. ಗುಬ್ಬಿಯಲ್ಲಿರುವ ನಮ್ಮ ಅತ್ತೆ, ಅಂದರೆ ಇವರಿಬ್ಬರ ಒಬ್ಬಳೇ ತಂಗಿ ಪುಟ್ಟಿ, ಅವರ ಹೆಸರು ಉಯಿಲಿನಲ್ಲಿ ಎಲ್ಲೂ ಇರಲಿಲ್ಲ. ಬಟ್ಟೆ ಹೊಲಿದು ಬದುಕುವ ಅತ್ತೆ ಆಸ್ತಿಯ ಮಾತೆತ್ತಿದವರಲ್ಲ. ಆದರೆ ತವರಿಗೆ ಬರುವುದನ್ನೇ ನಿಲ್ಲಿಸಿಬಿಟ್ಟರು. ಒಂದು ಸಲ ಅಮ್ಮನ ಹತ್ತಿರ ಮಾತ್ರ ಕೇಳಿದ್ದರು: "ತೋಟ ಹಾಳಾಗ್ಲಿ ಬಿಡಿ ಅತ್ಗೆ. ಅಪ್ಪ ನನ್ನ ಮರ್ತೇಬಿಟ್ರಾ?"

ಈಗ್ಗೆ ಕೆಲವು ತಿಂಗಳ ಹಿಂದೆ ಬೆಳಗ್ಗೆ ಬೆಳಗ್ಗೆಯೇ ದೊಡ್ಡಪ್ಪನ ಫೋನು ಬಂತು. "ಏನ್ಲಾ, ತೋಟಾನ ಮತ್ತೆ ಪಾಲು ಹಾಕ್ಬೇಕು, ಬಾ."

ಅಪ್ಪ ಕುಡಿಯುತ್ತಿದ್ದ ಕಾಫಿ ಬಿಟ್ಟು ನನ್ನನ್ನೂ ಕರೆದುಕೊಂಡು ಹೊರಟರು! ಕಲ್ಲಂಗಡಿಗೆ ಆದ ಗತಿ ನೆನಪಾಗಿರಬೇಕು. ಅಲ್ಲಿಗೆ ಹೋದರೆ ದೊಡ್ಡಪ್ಪ ಹಗ್ಗ ಹಿಡಿದು ತೋಟವೆಲ್ಲ ಅಳೆಯುತ್ತಿದ್ದಾರೆ. ಒಂದು ಮರ ಪಕ್ಕದ ಪಾಲಿಗೆ ವಾಲಿಕೊಂಡಿದೆ ಎಂದು ಗಡಿ ಗೆರೆಯನ್ನೇ ಮೂರು ಸಲ ಸರಿಸಿದರು. "ಬುಡ ನಂದು, ಎಳ್ನೀರು ನಿಂದು ಅಂದ್ರೆ ನಾಳೆ ಲಾಯರ್ ಮನೆ ಉದ್ಧಾರ ಆಯ್ತದೆ!"

ಅಪ್ಪ ಗಡಿಗೆ ನೆಟ್ಟಿದ್ದ ಗೂಟಗಳನ್ನು ಎಣಿಸಿದರು. "ಇಬ್ರಿಗೆ ಮೂರ್ ಪಾಲು ಯಾಕಣ್ಣ?"

"ನಿಂಗೆ ಲೆಕ್ಕ ಬರಲ್ಲ ಅಂತ ನಿಮ್ ಮೇಷ್ಟ್ರು ಆವಾಗ್ಲೇ ಹೇಳಿದ್ರು. ಪುಟ್ಟಿ ಎಲ್ಲೋದ್ಲು?"

ಅಪ್ಪ ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡರು.

ಅತ್ತೆ ಒಪ್ಪಬೇಕಲ್ಲ! "ಅಪ್ಪ ಕೊಡ್ದೇ ಇದ್ದಿದ್ದನ್ನ ನೀನ್ಯಾಕೆ ಕೊಡ್ತೀಯಣ್ಣ? ನಂಗೆ ಭಿಕ್ಷೆ ಬೇಡ." ದೊಡ್ಡಪ್ಪ ಗುಬ್ಬಿಗೆ ಹೋಗಿ ಹೊಲಿಗೆ ಮಿಷನ್ನಿನ ಸ್ಟೂಲಿನ ಮೇಲೆ ಕೂತವರು ಏಳಲೇ ಇಲ್ಲ. "ಬೇಡ ಅನ್ನೋದಾದ್ರೆ ಕುಣಿಗಲ್‌ಗೆ ಬಂದು ಅನ್ನು." ಮೂರು ರವಿಕೆ ಹೊಲಿಯದೆ ಉಳಿದ ಮೇಲೆ ಅತ್ತೆ ಬರುತ್ತೇನೆಂದರು.

ಕುಣಿಗಲ್ಲಿನ ನೋಂದಣಿ ಕಚೇರಿಯ ಹೊರಗೆ ಪತ್ರ ಬರೆಯುವವರು ತಲೆ ಕೆರೆದುಕೊಂಡರು. "ಉಯಿಲಲ್ಲಿ ಅಮ್ಮೋರ ಹೆಸರೇ ಇಲ್ವಲ್ಲ ಸ್ವಾಮಿ!"

"ಇದ್ದಿದ್ರೆ ನಿನ್ ಹತ್ರ ಯಾಕ್ ಬರ್ತಿದ್ವಿ? ನಮ್ದರಲ್ಲಿ ನಾವಿಬ್ರೂ ಬಿಟ್ಕೊಡ್ತೀವಿ, ಬರಿ. ಪುಟ್ಟಿ, ನೀನೇ ಚಿಕ್ಕೋಳು, ಮೊದ್ಲು ಆರಿಸ್ಕೋ."

ದೊಡ್ಡಪ್ಪ ಚಾಚಿದ ತೋಟದ ನಕ್ಷೆಯ ಕಡೆ ಅತ್ತೆ ನೋಡಲೂ ಇಲ್ಲ. "ಮೊದ್ಲು ಇದು ಹೇಳಣ್ಣ. ಅಪ್ಪ ನನ್ನ ಯಾಕೆ ಬಿಟ್ರು?"

ಯಾವ ಮಾತಿಗೂ ಉತ್ತರ ರೆಡಿ ಇಟ್ಟುಕೊಂಡಿರುವ ಮನುಷ್ಯ ಟವೆಲ್ಲಿನಿಂದ ಕನ್ನಡಕ ಒರೆಸಲು ಶುರುಮಾಡಿದರು. ಒರೆಸಿದರು, ಒರೆಸಿದರು, ಹಾಕಿಕೊಳ್ಳಲಿಲ್ಲ.

"ಅಪ್ಪ ಬಿಡಲಿಲ್ಲ ಕಣವ್ವ. ಉಯಿಲು ಬರೆಸೋವಾಗ ಪಕ್ಕದಲ್ಲಿ ಕೂತಿದ್ದೋನು ನಾನು. 'ಪುಟ್ಟಿಗೆ ಏನೂ ಬೇಡ್ವೇನ್ಲಾ?' ಅಂತ ಕೇಳಿದ್ರು. 'ಮದ್ವೆ ಮಾಡಿ ಕಳ್ಸಿದ್ದಾಯ್ತಲ್ಲಪ್ಪ, ಸಾಕು' ಅಂದ್ಬುಟ್ಟೆ."

ಅಪ್ಪ ತಲೆ ತಗ್ಗಿಸಿದರು. ನನಗೆ ದೊಡ್ಡಪ್ಪನ ಮೇಲೆ ಕೆಂಡದಂಥ ಕೋಪ ಬಂತು. ಆ ವಯಸ್ಸಿನಲ್ಲಿ, ಅಷ್ಟು ಜನರ ನಡುವೆ, ಹಾಗೆ ನಿಂತಿದ್ದವರನ್ನು ನೋಡಿ ಪಾಪವೂ ಅನಿಸಿತು. ಅತ್ತೆ ಎದ್ದು ಹೋಗಿಬಿಡುತ್ತಾರೆಂದೇ ಅಂದುಕೊಂಡೆ.

ಅತ್ತೆ ಏಳಲಿಲ್ಲ. ಅಣ್ಣನ ತಪ್ಪು ಅವರ ಕಿವಿಗೆ ಬಿದ್ದಂತೆಯೇ ಇರಲಿಲ್ಲ.

"ಅಪ್ಪ ಕೇಳಿದ್ರಾಣ್ಣ? ನನ್ನ ಹೆಸ್ರು ಹಿಡಿದು ಕೇಳಿದ್ರಾ?"

"ಎರಡ್ ಸಲ ಕೇಳಿದ್ರು ಕಣವ್ವ. ಎರಡ್ ಸಲಾನೂ ನಾನೇ..."

ಅತ್ತೆ ಸೆರಗಿನಿಂದ ಮೊದಲು ಅಣ್ಣನ ಕಣ್ಣೊರೆಸಿದರು, ಆಮೇಲೆ ತಮ್ಮದು. ಪತ್ರ ಬರೆಯುವವರ ಕಡೆ ತಿರುಗಿ, "ನನ್ನ ಹೆಸರಿನ ಮುಂದೆ ಅಪ್ಪನ ಹೆಸ್ರು ಪೂರ್ತಿ ಬರೀರಿ, ಇನ್‌ಷಿಯಲ್ ಬೇಡ" ಎಂದರು.